ಸೂರ್ಯ ಹುಟ್ಟಿದಾಗ ಹನ್ನೆರಡು ಗಂಟೆ

ಆಫ್ರಿಕ ಎಂದೊಡನೆ ನಮ್ಮಲ್ಲಿ ಹಲವರ ಮನಸ್ಸಿಗೆ ಬರುವುದು ಸುಡುಬಿಸಿಲು, ಮರಳುಗಾಡು, ಸಿಂಹ, ಆನೆ. ಈ ಕಲ್ಪನೆ ಹೊತ್ತು ಇಥಿಯೋಪಿಯದ ರಾಜಧಾನಿ ಅಡಿಸ್ ಅಬಾಬದಲ್ಲಿ ಇಳಿದವರಿಗೆ ಮೊದಲು ಬೇಕಾಗುವುದು ಸ್ವೆಟರ್. ಊರು ಇರುವುದು ಸಮುದ್ರ ಮಟ್ಟದಿಂದ ಸುಮಾರು 2,350 ಮೀಟರ್ ಎತ್ತರದಲ್ಲಿ. ಕರ್ನಾಟಕದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿಯ ಎತ್ತರವೇ ಸುಮಾರು 1,930 ಮೀಟರ್. ಆದ್ದರಿಂದ ಮೊದಲ ದಿನ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಗಾಬರಿ ಬೇಡ, ಮೈ ಬೇಗ ಹೊಂದಿಕೊಳ್ಳುತ್ತದೆ.

ಆಫ್ರಿಕದ ಎಷ್ಟೋ ನಗರಗಳಂತೆ ಇದು ಯುರೋಪಿನವರು ಕಟ್ಟಿದ ಊರಲ್ಲ. ಎಂಟೋಟೊ ಬೆಟ್ಟದ ತಪ್ಪಲಿನ ಬಿಸಿನೀರಿನ ಬುಗ್ಗೆಗಳಿಗೆ ಮನಸೋತ ರಾಣಿ ತಾಯ್ತು 1886ರಲ್ಲಿ ಇಲ್ಲಿ ನೆಲೆಯೂರಿದಳು. ಎರಡನೆಯ ಮೆನೆಲಿಕ್ ಇದನ್ನೇ ರಾಜಧಾನಿ ಮಾಡಿಕೊಂಡ. ಅಮ್ಹಾರಿಕ್ ಭಾಷೆಯಲ್ಲಿ ಊರಿನ ಹೆಸರಿಗೆ 'ಹೊಸ ಹೂವು' ಎಂದು ಅರ್ಥ. ಸುತ್ತಲಿನ ಒರೊಮೊ ಜನರಿಗೆ ಇದು ಇಂದಿಗೂ 'ಫಿನ್‌ಫಿನ್ನೆ'. 1896ರಲ್ಲಿ ಅಡ್ವಾ ಯುದ್ಧದಲ್ಲಿ ಮೆನೆಲಿಕ್‌ನ ಸೈನ್ಯ ಇಟಲಿಯನ್ನು ಸೋಲಿಸಿತು. ಮುಂದೆ 1936ರಿಂದ 1941ರವರೆಗೆ ಇಟಲಿಯವರು ನಗರವನ್ನು ಹಿಡಿದಿದ್ದರು. ಅವರು ಹೋದರೂ 'ಪಿಯಾಸ್ಸ', 'ಮರ್ಕಾಟೊ' ಎಂಬ ಬಡಾವಣೆಯ ಹೆಸರುಗಳೂ, ಬೀಳ್ಕೊಡುವಾಗ ಹೇಳುವ 'ಚಾವೊ' ಎಂಬ ಮಾತೂ ಉಳಿದುಕೊಂಡವು.

ಹೊಸಬರನ್ನು ಮೊದಲು ತಬ್ಬಿಬ್ಬು ಮಾಡುವುದು ಗಡಿಯಾರ. "ನಾಳೆ ಎರಡು ಗಂಟೆಗೆ ಬನ್ನಿ" ಎಂದು ಯಾರಾದರೂ ಕರೆದರೆ ಊಟ ಮುಗಿಸಿ ನಿಧಾನವಾಗಿ ಹೊರಡುವಂತಿಲ್ಲ. ಅವರು ಹೇಳಿದ್ದು ಬೆಳಗಿನ ಎಂಟು ಗಂಟೆ! ಇಲ್ಲಿ ದಿನದ ಎಣಿಕೆ ಆರಂಭವಾಗುವುದು ನಡುರಾತ್ರಿಗಲ್ಲ, ಬೆಳಕು ಹರಿದಾಗ. ನಮ್ಮ ಬೆಳಗಿನ ಆರು ಅವರ ಹನ್ನೆರಡು, ನಮ್ಮ ಏಳು ಅವರ ಒಂದು. ಸಂಜೆ ಆರಕ್ಕೆ ಮತ್ತೆ ಹನ್ನೆರಡಾಗಿ ರಾತ್ರಿಯ ಲೆಕ್ಕ ಶುರುವಾಗುತ್ತದೆ. ಇದರ ಹಿಂದಿನ ಕಾರಣ ಸರಳ. ಭೂಮಧ್ಯರೇಖೆಗೆ ಹತ್ತಿರವಿರುವ ನಾಡಿನಲ್ಲಿ ವರ್ಷವಿಡೀ ಸೂರ್ಯ ಹುಟ್ಟುವ, ಮುಳುಗುವ ಹೊತ್ತು ಹೆಚ್ಚು ಬದಲಾಗುವುದಿಲ್ಲ. ಹೀಗಿರುವಾಗ ಹಗಲಿನ ಮೊದಲ ಗಂಟೆಯನ್ನು ಒಂದು ಎನ್ನುವುದೇ ಸಹಜ. ಸೂರ್ಯೋದಯದಿಂದ ಗಳಿಗೆ ಎಣಿಸುವ ಪಂಚಾಂಗ ಬಲ್ಲ ನಮಗೆ ಇದು ಅಷ್ಟೇನೂ ವಿಚಿತ್ರವಾಗಿ ತೋರಬಾರದು. ಆದರೆ ವಿಮಾನದ ಟಿಕೆಟ್ಟಿನಲ್ಲಿರುವುದು ಅಂತರರಾಷ್ಟ್ರೀಯ ಸಮಯ. ಹೀಗೆ ಊರಿನಲ್ಲಿ ಎರಡು ಗಡಿಯಾರಗಳು ಒಟ್ಟಿಗೆ ನಡೆಯುತ್ತವೆ. ಹೇಳಿದ್ದು ಯಾವ ಲೆಕ್ಕದ ಗಂಟೆ ಎಂದು ಕೇಳಿಕೊಂಡರೆ ಯಾರೂ ತಪ್ಪು ತಿಳಿಯುವುದಿಲ್ಲ.

ಕ್ಯಾಲೆಂಡರೂ ಬೇರೆ. ಮೂವತ್ತು ದಿನಗಳ ಹನ್ನೆರಡು ತಿಂಗಳು, ಕೊನೆಗೆ ಐದು ಅಥವಾ ಆರು ದಿನಗಳ 'ಪಾಗುಮೆ' ಎಂಬ ಪುಟ್ಟ ಹದಿಮೂರನೆಯ ತಿಂಗಳು. ಹೊಸ ವರ್ಷ ಬರುವುದು ಮಳೆ ಹಿಂದೆಗೆದು ಬೆಟ್ಟಗಳಲ್ಲಿ ಹಳದಿ ಹೂ ಅರಳುವ ಸೆಪ್ಟೆಂಬರ್ 11 ಅಥವಾ 12ರಂದು. ವರ್ಷದ ಎಣಿಕೆ ನಮ್ಮ ರೂಢಿಯ ಇಸವಿಗಿಂತ ಏಳೆಂಟು ವರ್ಷ ಹಿಂದಿದೆ. ಆದ್ದರಿಂದ ಜಗತ್ತೆಲ್ಲ ಆಚರಿಸಿ ಮರೆತಿದ್ದ ಎರಡು ಸಾವಿರದ ಇಸವಿಯನ್ನು ಅವರು ಸಂಭ್ರಮದಿಂದ ಬರಮಾಡಿಕೊಂಡದ್ದು 2007ರ ಸೆಪ್ಟೆಂಬರಿನಲ್ಲಿ.

ಅಂಗಡಿಗಳ ಬೋರ್ಡು ನೋಡಿದಾಗ ಕನ್ನಡಿಗರಿಗೆ ಇನ್ನೊಂದು ಅಚ್ಚರಿ ಕಾದಿದೆ. ಅಕ್ಷರಗಳು ಓದಲು ಬಾರದಿದ್ದರೂ ಅವುಗಳ ಕಟ್ಟು ನಮಗೆ ಪರಿಚಿತ. ಒಂದೊಂದು ವ್ಯಂಜನವೂ ಸ್ವರಕ್ಕೆ ತಕ್ಕಂತೆ ಏಳು ರೂಪ ತಾಳುತ್ತದೆ. ನಮ್ಮ ಕಾಗುಣಿತವೇ ಎನ್ನಿ! ಹೆಸರಿಡುವ ಕ್ರಮವೂ ನಮ್ಮ ಹಳೆಯ ಪದ್ಧತಿಗೆ ಹತ್ತಿರ. ಮನೆತನದ ಹೆಸರೆಂಬುದಿಲ್ಲ, ಎರಡನೆಯದು ತಂದೆಯ ಹೆಸರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಓಡಿ ಮ್ಯಾರಥಾನ್ ಗೆದ್ದ ಅಬೆಬೆ ಬಿಕಿಲನನ್ನು ಪರದೇಶದ ಪತ್ರಿಕೆಗಳು 'ಬಿಕಿಲ' ಎಂದು ಕರೆದಾಗಲೆಲ್ಲ ಅವು ಕರೆಯುತ್ತಿದ್ದುದು ಅವನ ತಂದೆಯನ್ನು.

ಬೀದಿಗಿಳಿದರೆ ನೀಲಿ-ಬಿಳಿ ಬಣ್ಣದ ವ್ಯಾನುಗಳು. ಬಾಗಿಲಲ್ಲಿ ಜೋತುಬಿದ್ದು ಊರಿನ ಹೆಸರು ಕೂಗುವ ಹುಡುಗನಿಗೆ 'ವೆಯಾಲ' ಎನ್ನುತ್ತಾರೆ. ಇಳಿಯಬೇಕಾದಾಗ 'ವರಾಜ್ ಅಲೆ', ಅಂದರೆ 'ಇಳಿಯುವವರಿದ್ದಾರೆ' ಎಂದರೆ ಸಾಕು. ರಸ್ತೆಯ ಹೆಸರು ಹೇಳಿ ದಾರಿ ಕೇಳಿದರೆ ಉಪಯೋಗವಿಲ್ಲ. 'ಅರಾತ್ ಕಿಲೊ', 'ಮೆಗೆನಾನ್ಯ' ಎಂಬಂಥ ವೃತ್ತಗಳ ಹೆಸರೇ ವಿಳಾಸ. 2015ರಲ್ಲಿ ಚೀನದ ಸಾಲದಿಂದ ಇಲ್ಲಿ ಲಘು ರೈಲು ಓಡಲಾರಂಭಿಸಿತು. 2024ರಲ್ಲಿ ಸರ್ಕಾರ ಪೆಟ್ರೋಲ್, ಡೀಸೆಲ್ ಕಾರುಗಳ ಆಮದನ್ನೇ ನಿಲ್ಲಿಸಿತು. ಹಳೆಯ ಲಾಡಾ ಟ್ಯಾಕ್ಸಿಗಳ ಕಾಲದಿಂದ ವಿದ್ಯುತ್ ಕಾರುಗಳ ಕಾಲಕ್ಕೆ ನಗರ ಒಮ್ಮೆಲೇ ಜಿಗಿಯುತ್ತಿದೆ.

ಊಟದ ವಿಷಯ. 'ಟೆಫ್' ಎಂಬ, ಸಾಸಿವೆಗಿಂತಲೂ ಸಣ್ಣ ಧಾನ್ಯದ ಹಿಟ್ಟನ್ನು ಕಲಸಿ, ಕೆಲವು ದಿನ ಹುಳಿ ಬರಿಸಿ, ಅಗಲವಾದ ಕಾವಲಿಯ ಮೇಲೆ ಹುಯ್ದು ಮುಚ್ಚಿ ಬೇಯಿಸಿದರೆ 'ಇಂಜೆರ'. ನೋಡಲು ಎರಡಾಳು ದೋಸೆ, ಬಾಯಿಗೆ ನಮ್ಮ ದೋಸೆಗಿಂತ ಹುಳಿ ಹೆಚ್ಚು. ಅದರ ಮೇಲೆಯೇ ಪಲ್ಯ, ಸಾರುಗಳನ್ನು ಬಡಿಸಿ, ಸುತ್ತ ಕುಳಿತವರೆಲ್ಲ ಒಂದೇ ತಟ್ಟೆಯಿಂದ ಬಲಗೈಯಲ್ಲಿ ತಿನ್ನುತ್ತಾರೆ. ಪ್ರೀತಿ ತೋರಿಸಲು ಎದುರಿಗಿದ್ದವರ ಬಾಯಿಗೆ ತುತ್ತಿಡುವುದೂ ಉಂಟು, ಅದಕ್ಕೆ 'ಗುರ್ಷ' ಎಂದು ಹೆಸರು. ಎಂಜಲು-ಮುಸುರೆಯ ಶಿಸ್ತಿನಲ್ಲಿ ಬೆಳೆದವರಿಗೆ ಇದು ಕಷ್ಟ. ಆದರೆ ತಿರಸ್ಕರಿಸಿದರೆ ಮನೆಯವರಿಗೆ ನೋವು. ಸಸ್ಯಾಹಾರಿಗಳಿಗೆ ಸಂತೋಷದ ಸುದ್ದಿಯೆಂದರೆ, ಇಲ್ಲಿನ ಸಂಪ್ರದಾಯಸ್ಥ ಕ್ರೈಸ್ತರು ಪ್ರತಿ ಬುಧವಾರ, ಶುಕ್ರವಾರ ಮತ್ತು ಈಸ್ಟರಿಗೆ ಮುಂಚಿನ 55 ದಿನ ಮಾಂಸ, ಮೊಟ್ಟೆ, ಹಾಲು ಮುಟ್ಟುವುದಿಲ್ಲ. 'ತ್ಸೋಮ್' ಊಟ ಬೇಕು ಎಂದರೆ ಬೇಳೆ, ಸೊಪ್ಪು, ಕಡಲೆಹಿಟ್ಟಿನ 'ಶಿರೊ' ಬರುತ್ತದೆ.

ನಮ್ಮ ಅಡಿಗೆಮನೆಗೆ ಈ ನಾಡಿನ ಋಣ ಇನ್ನೂ ಹಳೆಯದು. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶ ಎನ್ನುತ್ತಾರೆ ಸಸ್ಯವಿಜ್ಞಾನಿಗಳು. ಇಥಿಯೋಪಿಯದಲ್ಲಿ ಅದರ ಹೆಸರು 'ದಗುಸ'. ಕಾಫಿಯಂತೂ ಇಲ್ಲಿನ ನೈರುತ್ಯದ ಕಾಡುಗಳಿಂದ ಯೆಮೆನ್ ಸೇರಿ, ಅಲ್ಲಿಂದ ಬಾಬಾಬುಡನ್ ಮೂಲಕ ಚಿಕ್ಕಮಗಳೂರಿನ ಗಿರಿಗೆ ಬಂತೆಂಬ ಪ್ರತೀತಿಯಿದೆ. ಇಲ್ಲಿ ಕಾಫಿ ಅವಸರದ ಕೆಲಸವಲ್ಲ. ನೆಲಕ್ಕೆ ಹಸಿ ಹುಲ್ಲು ಹರಡಿ, ಧೂಪ ಹಾಕಿ, ಹಸಿ ಬೀಜವನ್ನು ಎದುರಿಗೇ ಹುರಿದು, ಪುಡಿ ಮಾಡಿ, 'ಜೆಬೆನ' ಎಂಬ ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸುತ್ತಾರೆ. ಅದೇ ಪುಡಿಗೆ ನೀರು ಹುಯ್ದು ಮೂರು ಸಲ ಕೊಡುತ್ತಾರೆ. ಮೂರನೆಯದು 'ಬೆರೆಕ', ಎಂದರೆ ಆಶೀರ್ವಾದ. ಅದಕ್ಕೆ ಮುಂಚೆ ಎದ್ದು ಹೋಗುವುದು ಮರ್ಯಾದೆಯಲ್ಲ. ನೆರೆಹೊರೆಯ ಕಷ್ಟಸುಖದ ಮಾತೆಲ್ಲ ನಡೆಯುವುದು ಈ ಮೂರು ಬಟ್ಟಲುಗಳ ನಡುವೆ.

ಹೊಸಬರ ಕಣ್ಣಿಗೆ ಬೇಗ ಕಾಣದಿರುವುದು ಈ ನೆರೆಹೊರೆಯ ಕಟ್ಟುಪಾಡು. 'ಇಕುಬ್' ಎಂಬುದು ಹೆಚ್ಚುಕಡಿಮೆ ನಮ್ಮ ಚೀಟಿ ವ್ಯವಹಾರ. 'ಇದ್ದಿರ್' ಎಂಬುದು ಸಾವಿನ ಮನೆಗೆ ನೆರವಾಗುವ ಸಂಘ. ತಿಂಗಳಿಗಿಷ್ಟು ಎಂದು ಹಣ ಕಟ್ಟುತ್ತಿದ್ದರೆ, ಸಾವು ಸಂಭವಿಸಿದಾಗ ಶಾಮಿಯಾನ, ಪಾತ್ರೆಪಡಗ, ಅಡಿಗೆ ಎಲ್ಲವನ್ನೂ ಸಂಘವೇ ನೋಡಿಕೊಳ್ಳುತ್ತದೆ. ಬ್ಯಾಂಕು, ವಿಮೆಗಳ ಸೌಕರ್ಯವಿಲ್ಲದ ಬಡವರಿಗೆ ಇವೇ ಆಧಾರ. ಅಕ್ಕಪಕ್ಕದಲ್ಲಿ ಬಾಳಿದ ನಂಬಿಕೆಯೇ ಇವುಗಳ ಬಂಡವಾಳ.

ಆ ಬಂಡವಾಳಕ್ಕೆ ಈಗ ಕುತ್ತು ಬಂದಿದೆ. 2024ರಲ್ಲಿ ನಗರ ಸುಧಾರಣೆಗಾಗಿ ಹಳೆಯ ಪಿಯಾಸ್ಸದ ದೊಡ್ಡ ಭಾಗವನ್ನು ಕೆಡವಿ, ಅನೇಕ ನಿವಾಸಿಗಳನ್ನು ಊರಂಚಿಗೆ ಸಾಗಿಸಲಾಯಿತು. ಅದೇ ವರ್ಷದ ಜುಲೈ ಕೊನೆಯಲ್ಲಿ ಸರ್ಕಾರ ನಾಣ್ಯದ ಮೇಲಿನ ಹಿಡಿತ ಸಡಿಲಿಸಿದಾಗ, ಡಾಲರಿಗೆ 57 ಬಿರ್ ಇದ್ದದ್ದು ಕೆಲವೇ ವಾರಗಳಲ್ಲಿ ನೂರು ದಾಟಿತು. ಅಗಲವಾದ ರಸ್ತೆ, ಸಾಲುದೀಪ, ಸೈಕಲ್ ಹಾದಿಗಳನ್ನು ಕಂಡು ಪ್ರವಾಸಿ ಮೆಚ್ಚುತ್ತಾನೆ. ಮೆಚ್ಚುವಂಥದ್ದೂ ಹೌದು. ಆದರೆ ಸ್ಥಳ ಬದಲಾದ ಕುಟುಂಬಕ್ಕೆ ಹೊಸ ಗೋಡೆ ಸಿಕ್ಕರೂ ಹಳೆಯ ಇದ್ದಿರ್ ಸಿಗುವುದಿಲ್ಲ. ಮೂರನೆಯ ಬಟ್ಟಲಿನವರೆಗೆ ಕೂರುವ ನೆರೆಯವರನ್ನು ಅವರು ಮತ್ತೆ ಮೊದಲಿನಿಂದ ಸಂಪಾದಿಸಿಕೊಳ್ಳಬೇಕು.