ಕುಡಿಕೆ ಹೊನ್ನು ಎಷ್ಟು ಕಾಲ?

“ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು” ಎಂಬ ಗಾದೆಯನ್ನು ಕೇಳದೆ ಬೆಳೆದವರು ಕನ್ನಡನಾಡಿನಲ್ಲಿ ವಿರಳ. ಆದರೂ ಆ ಗಾದೆಯನ್ನು ಚೆನ್ನಾಗಿ ಬಲ್ಲವರೇ ಇಂದು ಕುಡಿಕೆಯನ್ನು ಕಂಕುಳಲ್ಲಿ ಇರಿಸಿಕೊಂಡು ಹಳ್ಳಿಯ ದಾರಿ ಹಿಡಿಯುತ್ತಿದ್ದಾರೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ—ಈ ನಾಲ್ಕು ತಾಲ್ಲೂಕುಗಳಿಂದ ಓದಿಗಾಗಿಯೂ ಉದ್ಯೋಗಕ್ಕಾಗಿಯೂ ಬೆಂಗಳೂರು ಮೈಸೂರುಗಳನ್ನು ಸೇರಿದ ಮನೆತನಗಳು ಎಷ್ಟೋ ಇವೆ. ಅಂಥ ಮನೆಗಳ ಮಕ್ಕಳಲ್ಲಿ ಕೆಲವರಿಗೆ ನಲವತ್ತೈದು ಐವತ್ತರ ವಯಸ್ಸಿಗೇ “ದುಡಿದದ್ದು ಸಾಕು” ಎನಿಸಿಬಿಡುತ್ತದೆ. ಕೂಡಿಟ್ಟ ಹಣದ ಬಡ್ಡಿ, ಅಜ್ಜನ ಕಾಲದ ಹೆಂಚಿನ ಮನೆ, ಹಿತ್ತಿಲಲ್ಲಿ ನಾಲ್ಕು ತೆಂಗಿನ ಮರ, ಬೆಳಗಿನ ತಂಗಾಳಿ—ಇಷ್ಟಿದ್ದರೆ ಇನ್ನೇನು ಬೇಕೆಂದು ಮನಸ್ಸು ಕೇಳುತ್ತದೆ. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳಗಳ ಮಾರ್ಗವಾಗಿ ಬೆಂಗಳೂರಿನಿಂದ ಹಾಸನಕ್ಕೆ ರೈಲು ಓಡತೊಡಗಿದ ಮೇಲಂತೂ ಊರು ಇನ್ನಷ್ಟು ಹತ್ತಿರವಾಯಿತು. ಹತ್ತಿರವಾದುದು ಸುಲಭವಾಗಿಯೂ ಕಂಡಿತು.

ಈ ಆಸೆ ಹೊಸದಲ್ಲ. ಮೈ ಸುಕ್ಕಾಗಿ, ತಲೆ ನರೆತು, ಮೊಮ್ಮಗನ ಮುಖ ಕಂಡ ಮೇಲೆ ಗೃಹಸ್ಥನು ಕಾಡಿಗೆ ತೆರಳಬೇಕೆಂದು ಮನುಸ್ಮೃತಿಯೇ ವಿಧಿಸಿದೆ. ಆದರೆ ಆ ವಾನಪ್ರಸ್ಥನಿಗೆ ಮಕ್ಕಳ ಕಾಲೇಜಿನ ಶುಲ್ಕವಿರಲಿಲ್ಲ. ಸಂಸಾರದ ಭಾರವನ್ನು ಮಗನ ಹೆಗಲಿಗೆ ವಹಿಸಿಯೇ ಅವನು ಹೊರಡುತ್ತಿದ್ದನು. ಇಂದಿನವನ ತಲೆ ನರೆತಿಲ್ಲ, ಮಗಳ ಮದುವೆ ಆಗಿಲ್ಲ, ಮುಂದೆ ಇನ್ನೂ ನಲವತ್ತು ವರ್ಷಗಳ ಆಯುಸ್ಸು ಉಳಿದಿರಬಹುದು. ನಲವತ್ತು ವರ್ಷ ಕೂತು ಉಣ್ಣಲು ಎಷ್ಟು ದೊಡ್ಡ ಕುಡಿಕೆ ಬೇಕು? ಅದು ಸೋರುವುದು ಯಾವ ತೂತಿನಿಂದ?

ಒಬ್ಬ ಕ್ಯಾಪ್ಟನ್ನರ ಉದಾಹರಣೆ

ಈ ಪ್ರಶ್ನೆಗೆ ಹಾಸನ ಜಿಲ್ಲೆಯಲ್ಲೇ ಒಂದು ಪ್ರಸಿದ್ಧ ನಿದರ್ಶನವಿದೆ. 1951ರಲ್ಲಿ ಜನಿಸಿದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಹೇಮಾವತಿಯ ದಡದ ಗೊರೂರಿನವರು. ಶಾಲಾ ಉಪಾಧ್ಯಾಯರ ಮಗ. ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿ ಸೈನ್ಯವನ್ನು ಸೇರಿ, 1971ರ ಬಾಂಗ್ಲಾ ಯುದ್ಧದಲ್ಲಿಯೂ ಪಾಲ್ಗೊಂಡ ಅವರು, ಎಂಟು ವರ್ಷಗಳ ಸೇವೆ ಮುಗಿಸಿ ಇಪ್ಪತ್ತೆಂಟರ ವಯಸ್ಸಿನಲ್ಲೇ ಸ್ವ ಇಚ್ಛೆಯಿಂದ ನಿವೃತ್ತರಾದರು. ಅಷ್ಟು ಅಲ್ಪ ಸೇವೆಗೆ ಪಿಂಚಣಿ ಎಲ್ಲಿಯದು! ಕೈಯಲ್ಲಿದ್ದುದು ಸಣ್ಣದೊಂದು ಗಂಟು ಮಾತ್ರ.

ಅದೇ ಕಾಲಕ್ಕೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದಿತು. 1979ರಲ್ಲಿ ಪೂರ್ಣಗೊಂಡ, 37 ಟಿ.ಎಂ.ಸಿ. ಅಡಿಗಳಷ್ಟು ನೀರನ್ನು ಹಿಡಿಯುವ ಆ ಜಲಾಶಯದ ಮುಳುಗಡೆಯಲ್ಲಿ ಅವರ ಮನೆತನದ ಹೊಲಗಳೂ ಸೇರಿಹೋದವು. ಪರಿಹಾರವಾಗಿ ಸರ್ಕಾರವು ಅದೇ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಜಾವಗಲ್ ಸಮೀಪದಲ್ಲಿ ಬಂಜರು ನೆಲವನ್ನು ಕೊಟ್ಟಿತು. ಕ್ಯಾಪ್ಟನ್ನರು ಮನೆ ಕಟ್ಟಲು ಹೊರಡಲಿಲ್ಲ. ಆ ನೆಲದಲ್ಲೇ ಒಂದು ಗುಡಾರ ಹೊಡೆದುಕೊಂಡು ಬಾಳತೊಡಗಿದರು.

ಮಿತವ್ಯಯಕ್ಕೆ ಇದಕ್ಕಿಂತ ಹೆಚ್ಚಿನ ಮಾದರಿ ಬೇಕೇ? ಆದರೂ ಹಣ ಕರಗಿತು, ಸಾಲ ಬೆಳೆಯಿತು. ಗುಡಾರದಲ್ಲಿ ಮಲಗಿ ಮುದ್ದೆ ಉಂಡವನನ್ನು ಅವನ ಊಟ ದಿವಾಳಿ ಮಾಡಲಾರದು. ಹಣವನ್ನು ನುಂಗಿದ್ದು ಬೇಸಾಯವೆಂಬ ಉದ್ಯಮ: ನಾಟಿ, ನೀರು, ಗೊಬ್ಬರ, ಔಷಧ, ಕೈಕೊಟ್ಟ ಬೆಳೆ. ಜಪಾನಿನ ಸಹಜ ಕೃಷಿಕ ಮಸನೊಬು ಫುಕುವೊಕ ಅವರ ವಿಚಾರಗಳ ಪರಿಚಯವಾಗಿ, ಅಂಗಡಿಯಿಂದ ಕೊಂಡು ನೆಲಕ್ಕೆ ಸುರಿಯುವುದನ್ನು ಕಡಮೆ ಮಾಡಿದ ಮೇಲೆ ತೋಟ ನಿಧಾನವಾಗಿ ನೆಲೆ ಕಂಡಿತು. ಪರಿಸರಕ್ಕೆ ಒಗ್ಗುವ ಅವರ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿಯೂ ಬಂದಿತು. ಆದರೆ ಈ ನಡುವೆ ಅವರು ಹಾಸನ ಪಟ್ಟಣದಲ್ಲಿ ಎನ್‌ಫೀಲ್ಡ್ ಮೋಟಾರ್ ಸೈಕಲ್ಲುಗಳ ಮಾರಾಟದ ಮಳಿಗೆಯನ್ನು ತೆರೆದಿದ್ದರೆಂಬುದನ್ನು ಮರೆಯಬಾರದು. 2003ರಲ್ಲಿ ಏರ್ ಡೆಕ್ಕನ್ ವಿಮಾನ ಸಂಸ್ಥೆಯನ್ನು ಹಾರಿಸಿದ ಸಾಹಸಿಯ ಕಥೆಯೆಂದು ಜನ ಇದನ್ನು ಓದುತ್ತಾರೆ. ಹಳ್ಳಿಗೆ ಮರಳಬೇಕೆಂದಿರುವವನು ಇದನ್ನು ಬೇರೆ ಬಗೆಯಲ್ಲಿ ಓದಬೇಕು. ಇಪ್ಪತ್ತೆಂಟರ ಹರೆಯದಲ್ಲಿ ಎಡವಿದವನಿಗೆ ಎದ್ದು ಅಂಗಡಿ ತೆರೆಯುವ ಕಸುವಿರುತ್ತದೆ. ಐವತ್ತೆರಡರಲ್ಲಿ ಎಡವಿದವನಿಗೆ ಅದು ಇರುವುದೆಂಬ ಭರವಸೆಯಿಲ್ಲ.

ನಾಲ್ಕು ತಾಲ್ಲೂಕು, ನಾಲ್ಕು ಗುಣ

ಒಂದೇ ಜಿಲ್ಲೆಯಾದರೂ ನೆಲ ಒಂದೇ ಅಲ್ಲ. ಪಶ್ಚಿಮದ ಸಕಲೇಶಪುರದಲ್ಲಿ ವರ್ಷಕ್ಕೆ 2000 ಮಿಲಿಮೀಟರನ್ನು ಮೀರುವ ಮಳೆಯು ಪೂರ್ವದ ಚನ್ನರಾಯಪಟ್ಟಣಕ್ಕೆ ಬರುವಷ್ಟರಲ್ಲಿ ಸುಮಾರು 700ಕ್ಕೆ ಇಳಿದಿರುತ್ತದೆ.

ಅರಕಲಗೂಡು ಮಲೆನಾಡಿನ ಸೆರಗು. ರಾಮನಾಥಪುರದಲ್ಲಿ ಕಾವೇರಿ ಹರಿಯುತ್ತಾಳೆ. ಸುತ್ತಣ ಹೊಗೆಸೊಪ್ಪು ಅಲ್ಲಿಯೇ ಹರಾಜಾಗುತ್ತದೆ. ಆದರೆ ಹೊಗೆಸೊಪ್ಪು ಬೆಳೆಯಲು ತಂಬಾಕು ಮಂಡಳಿಯ ನೋಂದಣಿ ಬೇಕು, ಹದ ಮಾಡಲು ಬ್ಯಾರನ್ ಬೇಕು, ಸೌದೆ ಬೇಕು. ವಿಶ್ರಾಂತಿ ಬಯಸಿ ಬಂದವನ ಬೆಳೆ ಅದಲ್ಲ. ಹಾಸನದ ಸುತ್ತ ಮುಂಗಾರಿನಲ್ಲಿ ಆಲೂಗಡ್ಡೆ ಬಿತ್ತುತ್ತಾರೆ. ಬಿತ್ತನೆಗಡ್ಡೆ ದೂರದ ಪಂಜಾಬಿನ ಜಲಂಧರದಿಂದ ಬರುತ್ತದೆ. ಮೋಡ ಕವಿದು ಜಡಿಮಳೆ ಹಿಡಿಯಿತೆಂದರೆ ಅಂಗಮಾರಿ ರೋಗ ತಗುಲಿ ಕೆಲವೇ ದಿನಗಳಲ್ಲಿ ಹೊಲ ಕಪ್ಪಾಗುತ್ತದೆ. ಹೊಳೆನರಸೀಪುರದ ಹೇಮಾವತಿ ಬಯಲಿನಲ್ಲಿ ಶ್ರೀರಾಮದೇವರ ಕಟ್ಟೆಯ ನೀರಿಗೆ ಭತ್ತದ ಗದ್ದೆಗಳಿವೆ. ಅಲ್ಲಿ ನೆಲ ಫಲವತ್ತು, ಆಳು ದುರ್ಲಭ. ಚನ್ನರಾಯಪಟ್ಟಣ ತೆಂಗಿನ ನಾಡು. ಹೇಮಾವತಿಯ ನಾಲೆಯು ಬಾಗೂರು–ನವಿಲೆ ಸುರಂಗದ ಮೂಲಕ ಈ ತಾಲ್ಲೂಕನ್ನು ಹಾದು ತುಮಕೂರಿನತ್ತ ಸಾಗುತ್ತದೆ. ಆದರೆ ನಾಲೆಯ ನೀರು ತಲುಪದ ಹಳ್ಳಿಗಳವರು ಆಕಾಶವನ್ನೂ ಕೊಳವೆ ಬಾವಿಯನ್ನೂ ನೆಚ್ಚಿಕೊಳ್ಳಬೇಕು.

ತೆಂಗಿನ ಲೆಕ್ಕವನ್ನೇ ನೋಡಬಹುದು. ಮೂವತ್ತು ಅಡಿಗೊಂದರಂತೆ ನೆಟ್ಟರೆ ಎಕರೆಗೆ ನಲವತ್ತೆಂಟು ಸಸಿ. ನಾಟಿ ತಳಿಯು ಫಲ ಹಿಡಿಯಲು ಆರೇಳು ವರ್ಷ. ಕಾಯಿಯನ್ನು ಉಂಡೆ ಕೊಬ್ಬರಿ ಮಾಡಿ ತಿಪಟೂರಿನ ಮಾರುಕಟ್ಟೆಗೆ ಒಯ್ಯಬೇಕಾದರೆ ಅಟ್ಟದ ಮೇಲೆ ಮತ್ತೆ ಹತ್ತು ಹನ್ನೆರಡು ತಿಂಗಳು. ಆದುದರಿಂದ ಇಂದು ಸಸಿ ನೆಟ್ಟವನು ಮೊದಲ ಕಾಸನ್ನು ಕಾಣುವುದು ಎಂಟನೆಯ ವರ್ಷದ ಸುಮಾರಿಗೆ. ಅಲ್ಲಿಯವರೆಗೆ ತೆಂಗು ಅವನನ್ನು ಸಾಕುವುದಿಲ್ಲ. ಅವನೇ ತೆಂಗನ್ನು ಸಾಕಬೇಕು.

ಸಾವಿರಕ್ಕೆ ನಾಲ್ಕು ಲಕ್ಷ

ಇನ್ನು ಬಡ್ಡಿಯ ಮಾತು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರ ಏಪ್ರಿಲ್‌ನಿಂದ 30 ಲಕ್ಷ ರೂಪಾಯಿಗಳವರೆಗೆ ತೊಡಗಿಸಲು ಅವಕಾಶವಾಯಿತು. ಆಗ ಗೊತ್ತುಮಾಡಿದ ಶೇಕಡ 8.2ರ ದರದಲ್ಲಿ ಅದಕ್ಕೆ ತಿಂಗಳಿಗೆ 20,500 ರೂಪಾಯಿ ಬೀಳುತ್ತದೆ. ಆದರೆ ಅದಕ್ಕೆ ಅರುವತ್ತು ತುಂಬಿರಬೇಕು. ಉದ್ಯೋಗದಿಂದ ಮೊದಲೇ ನಿವೃತ್ತರಾದವರಿಗೂ ಐವತ್ತೈದಾದರೂ ಆಗಿರಬೇಕು. ನಲವತ್ತೆಂಟರಲ್ಲಿ ಊರಿಗೆ ಬಂದವನಿಗೆ ಆ ಬಾಗಿಲು ವರ್ಷಗಟ್ಟಲೆ ಮುಚ್ಚಿಯೇ ಇರುತ್ತದೆ. ಅಂಚೆ ಕಚೇರಿಯ ಮಾಸಿಕ ವರಮಾನ ಯೋಜನೆಗೆ ವಯಸ್ಸಿನ ಕಟ್ಟಿಲ್ಲ. ಗಂಡ ಹೆಂಡಿರು ಜಂಟಿಯಾಗಿ 15 ಲಕ್ಷ ಇಟ್ಟರೆ ಅದೇ ವರ್ಷದ ಶೇಕಡ 7.4ರ ದರದಂತೆ ತಿಂಗಳಿಗೆ 9,250 ರೂಪಾಯಿ ಆಗುತ್ತದೆ.

ಇಷ್ಟನ್ನು ಕಂಡು ಸಮಾಧಾನಪಟ್ಟವರು ಒಂದು ಮಾತನ್ನು ಮರೆಯುತ್ತಾರೆ. ಬಡ್ಡಿ ನಿಂತಲ್ಲಿಯೇ ನಿಂತಿರುತ್ತದೆ, ಬೆಲೆ ನಡೆಯುತ್ತಿರುತ್ತದೆ. ಬೆಲೆಗಳು ವರ್ಷಕ್ಕೆ ಶೇಕಡ 6ರಂತೆ ಏರಿದರೆ ಇಂದು 20,000 ರೂಪಾಯಿಗಳಲ್ಲಿ ನಡೆಯುವ ಸಂಸಾರಕ್ಕೆ ಹನ್ನೆರಡು ವರ್ಷಗಳ ಮೇಲೆ 40,000, ಇಪ್ಪತ್ತನಾಲ್ಕು ವರ್ಷಗಳ ಮೇಲೆ 80,000 ಬೇಕಾಗುತ್ತದೆ. ಆಗ ಆ ನಲವತ್ತೆಂಟರವನಿಗೆ ಎಪ್ಪತ್ತೆರಡು.

ಅಮೆರಿಕದ ವಿಲಿಯಂ ಬೆಂಗೆನ್ ಎಂಬ ಹಣಕಾಸು ಸಲಹೆಗಾರರು 1994ರಲ್ಲಿ ಈ ಸಮಸ್ಯೆಗೆ ಒಂದು ಅಳತೆಗೋಲನ್ನು ಕೊಟ್ಟರು. ಗಂಟಿನಲ್ಲಿ ಮೊದಲ ವರ್ಷ ಶೇಕಡ 4ನ್ನು ತೆಗೆದು, ಆಮೇಲೆ ಬೆಲೆಯೇರಿಕೆಗೆ ತಕ್ಕಷ್ಟು ಏರಿಸುತ್ತ ಹೋದರೆ ಮೂವತ್ತು ವರ್ಷ ಗಂಟು ಬರಿದಾಗದೆಂದು ಆ ದೇಶದ ಷೇರು ಸಾಲಪತ್ರಗಳ ಇತಿಹಾಸದಿಂದ ಅವರು ಲೆಕ್ಕ ಹಾಕಿದರು. ಬೇಗ ನಿವೃತ್ತನಾದವನಿಗೆ ಮೂವತ್ತು ವರ್ಷ ಸಾಲದು. ನಮ್ಮಲ್ಲಿ ಬೆಲೆಗಳ ಓಟವೂ ಹೆಚ್ಚು. ಎಚ್ಚರಿಕೆಗಾಗಿ ಶೇಕಡ 3 ಎಂದು ಹಿಡಿದರೆ, ತಿಂಗಳಿಗೆ 20,000 ವ್ಯಯಿಸುವ ಮನೆಗೆ 80 ಲಕ್ಷದ ಗಂಟು ಬೇಕು. ಇದನ್ನೇ ತಿರುಗಿಸಿ ನೋಡಿದರೆ ಗೃಹಸ್ಥನಿಗೆ ಉಪಯುಕ್ತವಾದ ಒಂದು ಸೂತ್ರ ಸಿಕ್ಕುತ್ತದೆ: ತಿಂಗಳ ವೆಚ್ಚದಲ್ಲಿ ಒಂದು ಸಾವಿರ ತಗ್ಗಿತೆಂದರೆ ಗಂಟಿನಲ್ಲಿ ನಾಲ್ಕು ಲಕ್ಷ ಕಡಮೆ ಸಾಕು, ಗಂಟಿನಿಂದ ನಾಲ್ಕು ಲಕ್ಷ ಹೊರಗೆ ಹೋಯಿತೆಂದರೆ ಜೀವಮಾನವಿಡೀ ತಿಂಗಳಿಗೆ ಒಂದು ಸಾವಿರ ಹೋಯಿತು.

ಹಳ್ಳಿಯವರು ಈ ಸೂತ್ರವನ್ನು ಓದದೆಯೇ ಬಲ್ಲರು. ಹಿಂದೆ ಈ ಸೀಮೆಯ ರೈತರು ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹುಳು ಹಿಡಿಯದ ಆ ಧಾನ್ಯ ನೆಲದೊಳಗೆ ವರ್ಷಗಟ್ಟಲೆ ಕೆಡದೆ ಇದ್ದು ಬರದ ಕಾಲಕ್ಕೆ ಒದಗುತ್ತಿತ್ತು. ಪೇಟೆಯಲ್ಲಿ ಬೆಲೆ ಎಷ್ಟೇ ಏರಲಿ, ಹಗೇವಿನ ಸೇರು ಸೇರಾಗಿಯೇ ಉಳಿಯುತ್ತಿತ್ತು. ಇಂದಿಗೂ ಒಂದು ಎಕರೆ ರಾಗಿ, ಅದರ ಅಕ್ಕಡಿ ಸಾಲಿನಲ್ಲಿ ಅವರೆ, ಹಿತ್ತಿಲಲ್ಲಿ ಸೊಪ್ಪು, ನುಗ್ಗೆ, ಪರಂಗಿ ಇವುಗಳಿಗೆ ಹಾಕುವ ಬಂಡವಾಳ ಅಲ್ಪ. ಇವುಗಳಿಂದ ಉಳಿಯುವ ಪ್ರತಿ ಸಾವಿರದ ಹಿಂದೆ ನಾಲ್ಕು ಲಕ್ಷದ ತೂಕವಿದೆ.

ಕುಡಿಕೆಯ ತೂತುಗಳು

ಆದರೆ ನಗರದಿಂದ ಬಂದವನ ಕೈ ಹಿತ್ತಿಲ ಸೊಪ್ಪಿನಲ್ಲಿ ನಿಲ್ಲುವುದಿಲ್ಲ. ಮೊದಲ ತೂತು ಮನೆ. ಹೆಂಚು ತೆಗೆಸಿ ತಾರಸಿ ಹಾಕಿಸಬೇಕು, ಬಂದವರಿಗೆಂದು ಮಹಡಿ ಕಟ್ಟಿಸಬೇಕು ಎನಿಸುತ್ತದೆ. ಇಪ್ಪತ್ತು ಲಕ್ಷದ ಮಹಡಿಯೆಂದರೆ ಮೇಲಿನ ಸೂತ್ರದಂತೆ ತಿಂಗಳಿಗೆ ಐದು ಸಾವಿರ. ಅದು ಇಬ್ಬರ ಊಟದ ವೆಚ್ಚಕ್ಕೆ ಸಾಲುವ ಹಣ. ಎರಡನೆಯದು ಕೊಳವೆ ಬಾವಿ. ನೀರು ಬೀಳದ ಬಾವಿ ಕೊರೆಸಿದ ಹಣವನ್ನಷ್ಟೇ ನುಂಗಿ ಸುಮ್ಮನಾಗುವುದಿಲ್ಲ. “ಇನ್ನೊಂದು ಕಡೆ ನೋಡೋಣ” ಎಂಬ ಹಟವನ್ನೂ ಹುಟ್ಟಿಸುತ್ತದೆ. ಮೂರನೆಯದು ಭೂಮಿ. ಕೃಷಿಯೇತರ ವರಮಾನ ಹೆಚ್ಚಿದ್ದವರೂ ಕೃಷಿಕರಲ್ಲದವರೂ ಜಮೀನು ಕೊಳ್ಳದಂತೆ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು ತಡೆಯೊಡ್ಡಿದ್ದವು. 2020ರಲ್ಲಿ ಅವನ್ನು ಕೈಬಿಡಲಾಯಿತು. ಬಾಗಿಲು ತೆರೆದುದೇ ತಡ, ಸಂಬಳದ ಹಣವೆಲ್ಲ ಎಕರೆಗಳಾಗುವ ಆಸೆಯೂ ಬೆಳೆಯಿತು. ಆದರೆ ಎಕರೆಯನ್ನು ಕಿರಾಣಿ ಅಂಗಡಿಯಲ್ಲಿ ಚಿಲ್ಲರೆ ಮಾಡಿಸಲಾಗುವುದಿಲ್ಲ.

ನಾಲ್ಕನೆಯ ತೂತಿಗೆ ಯಾರ ತಪ್ಪೂ ಕಾರಣವಲ್ಲ, ಅದು ಕಾಯಿಲೆ. ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇರುವುದು ಈ ನಾಲ್ಕೂ ತಾಲ್ಲೂಕುಗಳ ಭಾಗ್ಯ. 2003ರಲ್ಲಿ ಆರಂಭವಾಗಿ 2018ರಲ್ಲಿ ನಿಂತಿದ್ದ, ಸಹಕಾರ ಸಂಘಗಳ ಸದಸ್ಯರಿಗಾಗಿ ಇರುವ ಯಶಸ್ವಿನಿ ಯೋಜನೆಯು 2022ರಲ್ಲಿ ಮರುಜೀವ ಪಡೆಯಿತು. ಊರಿಗೆ ಬಂದವನು ಮಹಡಿಯ ನಕ್ಷೆಗಿಂತ ಮೊದಲು ಸಹಕಾರ ಸಂಘದ ಷೇರನ್ನೂ ಆರೋಗ್ಯ ವಿಮೆಯನ್ನೂ ವಿಚಾರಿಸುವುದು ಲೇಸು.

ಮಿತವ್ಯಯವೂ ಜಿಪುಣತನವೂ

ಲೆಕ್ಕದ ಪುಸ್ತಕದಲ್ಲಿ ಕಾಣದ ಎರಡು ಬಾಬತ್ತುಗಳು ಇನ್ನೂ ಉಳಿದಿವೆ.

ಒಂದು, ಮನೆಯಾಕೆಯ ದುಡಿಮೆ. ನಿವೃತ್ತನಾದವನು ಗಂಡ, ಹೆಂಡತಿಗೆ ನಿವೃತ್ತಿ ಕೊಟ್ಟವರಾರು? ನಗರದಲ್ಲಿ ಅಂಗಡಿಯಿಂದ ಬರುತ್ತಿದ್ದ ಹಿಟ್ಟು, ಹಾಲು, ಸೊಪ್ಪು ಹಳ್ಳಿಯಲ್ಲಿ ಅಗ್ಗವಾಗುವುದು ಬಹಳ ಮಟ್ಟಿಗೆ ಆಕೆಯ ರಟ್ಟೆಯ ಬಲದಿಂದ. ಹಿತಕಿದ ಅವರೆಯ ಸಾರಿಗೆ ಕಾಸು ಖರ್ಚಾಗದಿರಬಹುದು. ಒಂದು ಮಧ್ಯಾಹ್ನವಂತೂ ಖರ್ಚಾಗುತ್ತದೆ. ಗಂಡನು ಜಗಲಿಯಲ್ಲಿ ಪತ್ರಿಕೆ ಓದುತ್ತ ಮಿತವ್ಯಯವನ್ನು ಹೊಗಳುತ್ತಿದ್ದರೆ ಆ ಸಂಸಾರದಲ್ಲಿ ಉಳಿತಾಯವಾಗುತ್ತಿಲ್ಲ. ಖರ್ಚು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಜಾರಿದೆ, ಅಷ್ಟೆ. ನೀರು ಸೇದುವುದರಲ್ಲಿ, ಕಾಳು ಸುಲಿಯುವುದರಲ್ಲಿ ಆತನೂ ಕೈ ಹಾಕಿದ ಮನೆಗಳೇ ಹಳ್ಳಿಯಲ್ಲಿ ನೆಲೆಯೂರುತ್ತವೆ.

ಇನ್ನೊಂದು, ಮುಯ್ಯಿ. ಹಳ್ಳಿಯ ಬಾಳು ಕೊಡುಕೊಳ್ಳುವಿಕೆಯ ಬಾಳು. ನಾಟಿಗೆ, ಒಕ್ಕಣೆಗೆ ಮುಯ್ಯಾಳು, ಮದುವೆಗೆ ಮುಯ್ಯಿ, ಸಾವಿಗೆ ಹೆಗಲು. ಬಡ್ಡಿಯ ಹಣ ಎಣಿಸುವವನು ಇವನ್ನೆಲ್ಲ ವೃಥಾ ವ್ಯಯವೆಂದು ಬಗೆದು ಬಾಗಿಲು ಹಾಕಿಕೊಂಡರೆ ಅವನ ಕುಡಿಕೆ ಉಳಿಯಬಹುದು, ಊರು ಉಳಿಯುವುದಿಲ್ಲ. ಅಪರಾತ್ರಿಯಲ್ಲಿ ಎದೆನೋವು ಬಂದಾಗ ಬಾಗಿಲಿಗೆ ಗಾಡಿ ತಂದು ನಿಲ್ಲಿಸುವುದು ಪಕ್ಕದ ಮನೆಯ ಹುಡುಗ; ಅವನ ಅಕ್ಕನ ಮದುವೆಯಲ್ಲಿ ಇಟ್ಟ ಮುಯ್ಯಿಯನ್ನು ಯಾವ ಬ್ಯಾಂಕಿನ ಠೇವಣಿಗೂ ಸಮನಾಗಿಯೇ ಎಣಿಸಬೇಕು.

ಆದುದರಿಂದ ವಿವೇಕಿಗಳು ಅನುಸರಿಸಬೇಕಾದ ಕ್ರಮ ಸರಳವಾಗಿದೆ. ಮೊದಲ ವರ್ಷ ಬಾಡಿಗೆಯ ಮನೆಯಲ್ಲೋ ಇದ್ದ ಹಳೆಯ ಮನೆಯಲ್ಲೋ ಬಾಳಿ, ಒಂದು ಮುಂಗಾರು, ಒಂದು ಹಿಂಗಾರು, ಒಂದು ಬೇಸಗೆಯನ್ನು ಕಾಣುವುದು. ಬೇಸಗೆಯ ಕೊನೆಯಲ್ಲಿ ಬಾವಿಯ ನೀರು ಎಷ್ಟು ಉಳಿಯಿತೆಂದು ನೋಡಿದ ಮೇಲೆಯೇ ಜಮೀನಿನ ಮಾತೆತ್ತುವುದು. ಎರಡು ವರ್ಷದ ವೆಚ್ಚವನ್ನು ಬೇಕೆಂದಾಗ ಕೈಗೆ ಸಿಗುವಂತೆ ಇಡುವುದು. ಬೇಸಾಯದಲ್ಲಿ ಕಳೆದುಕೊಂಡರೂ ಊಟಕ್ಕೆ ಕುಂದಾಗದ ಮೊತ್ತವನ್ನು ಬೇರೆ ಎತ್ತಿಟ್ಟು, ಅದನ್ನು ಮೀರಿ ಒಂದು ಕಾಸನ್ನೂ ನೆಲಕ್ಕೆ ಸುರಿಯದಿರುವುದು. ಬಲ್ಲ ವಿದ್ಯೆಯೊಂದನ್ನು—ಪಾಠವೋ, ಲೆಕ್ಕಪತ್ರವೋ, ಯಂತ್ರದ ರಿಪೇರಿಯೋ—ಸಣ್ಣ ವರಮಾನಕ್ಕಾಗಿ ಕೈಯಲ್ಲಿ ಉಳಿಸಿಕೊಳ್ಳುವುದು. ತಿಂಗಳಿಗೆ ಐದು ಸಾವಿರ ತರುವ ವಿದ್ಯೆ ಇಪ್ಪತ್ತು ಲಕ್ಷದ ಗಂಟಿಗೆ ಸಮ. ಜಾವಗಲ್ಲಿನ ಕ್ಯಾಪ್ಟನ್ನರನ್ನು ಹಾಸನದ ಪೇಟೆಗೆ ಕರೆತಂದುದೂ ಇಂಥದೇ ಅಗತ್ಯ.

ಗಾದೆಯು ಹೊನ್ನನ್ನು ಹಳಿದಿಲ್ಲ, ಕೂತು ಉಣ್ಣುವುದನ್ನು ಹಳಿದಿದೆ. ನೌಕರಿಯಿಂದ ಬಿಡುಗಡೆ ಪಡೆದವನಿಗೆ ಹಳ್ಳಿಯಲ್ಲಿ ಕೂರಲು ಜಗಲಿಯೇನೋ ಇದೆ. ಸಂಜೆಯ ಹೊತ್ತು ಒಂದಷ್ಟು ಕೂರಲಿ, ಅದಕ್ಕಾಗಿಯೇ ಅವನು ಬಂದಿರುವುದು. ಬೆಳಗಿನ ಹೊತ್ತು ಅವನ ಕೈಗೆ ಮಣ್ಣು ಹತ್ತಿರಲಿ, ಗಂಟಿನ ಬಾಯಿ ಬಿಗಿಯಾಗಿರಲಿ, ಮನೆಯ ಬಾಗಿಲು ತೆರೆದಿರಲಿ.