ಕಾರನ್ನು ಕೈಯಿಂದ ಒತ್ತಿ ಬಿಟ್ಟರೆ ಶಾಕ್ ಅಬ್ಸಾರ್ಬರ್ ಸ್ಥಿತಿ ಗೊತ್ತಾಗುತ್ತದೆಯೇ?

ಹಳೆಯ ಕಾರು ಇಟ್ಟುಕೊಂಡವರ ವಾಟ್ಸಾಪ್ ಗ್ರೂಪುಗಳಲ್ಲಿ ಆಗಾಗ ಸುತ್ತುವ ಒಂದು ಫಾರ್ವರ್ಡ್ ಇದೆ. ನಿಮಗೂ ಬಂದಿರಬಹುದು. ಅದರಲ್ಲಿ ಹೇಳುವುದು ಮೂರು ಮಾತು. ಕಾರಿನ ಮೂಲೆಯನ್ನು ಜೋರಾಗಿ ಒತ್ತಿ ಬಿಡಿ, ಒಂದೆರಡು ಕುಣಿತಕ್ಕೆ ನಿಂತರೆ ಶಾಕ್ ಅಬ್ಸಾರ್ಬರ್ ಚೆನ್ನಾಗಿದೆ ಎಂದರ್ಥ. ಅದು ಕೆಟ್ಟಿದ್ದರೂ ತೊಂದರೆಯಿಲ್ಲ, ಸ್ವಲ್ಪ ಕುಲುಕಾಟ ಜಾಸ್ತಿಯಾಗುತ್ತದೆ ಅಷ್ಟೆ. ಆಯಿಲ್ ಸೋರುತ್ತಿದ್ದರೆ ಹೊಸದು ಬೇಡ, ಆಯಿಲ್ ತುಂಬಿಸಿ ವೆಲ್ಡ್ ಮಾಡಿಸಿದರೆ ಹೊಸದರಂತೆಯೇ ಕೆಲಸ ಮಾಡುತ್ತದೆ.

ಮೊದಲನೆಯದು ಅರ್ಧ ಸತ್ಯ. ಎರಡನೆಯದು ಸುಳ್ಳು, ಅದೂ ಅಪಾಯಕಾರಿ ಸುಳ್ಳು. ಮೂರನೆಯದು ದುಡ್ಡು ಉಳಿಸುವಂತೆ ಕಾಣುವ ಖರ್ಚು. ಇದನ್ನು ನಾವು ಪುಸ್ತಕ ಓದಿ ಮಾತ್ರ ಹೇಳುತ್ತಿಲ್ಲ, ನಮ್ಮ ಮನೆಯ ಕ್ವಾಲಿಸ್ ನಮಗೆ ಕಲಿಸಿದ ಪಾಠವೂ ಇದರಲ್ಲಿದೆ.

ಕ್ವಾಲಿಸ್ ಗೊತ್ತಲ್ಲ. 2000ದಿಂದ 2005ರವರೆಗೆ ನಮ್ಮ ಬಿಡದಿಯಲ್ಲೇ ತಯಾರಾದ ಟೊಯೋಟಾ ಗಾಡಿ. ಆಮೇಲೆ ಅದರ ಜಾಗಕ್ಕೆ ಇನ್ನೋವಾ ಬಂತು. ಮನೆಮಂದಿಯೆಲ್ಲ ಹತ್ತಿ ಕೂರಬಹುದಾದ ದೊಡ್ಡ ಗಾಡಿ, ಎಂಜಿನ್ ಸಾಯುವುದೇ ಇಲ್ಲ ಎಂಬ ಖ್ಯಾತಿ. ಅದಕ್ಕೇ 15 ವರ್ಷ ಮುಗಿದ ಮೇಲೂ ನೋಂದಣಿ ನವೀಕರಿಸಿ ಓಡಿಸುವವರು ಇದ್ದಾರೆ, ನಮ್ಮಪ್ಪನೂ ಅವರಲ್ಲಿ ಒಬ್ಬರು. ಎಂಜಿನ್ ಸಾಯುವುದಿಲ್ಲ, ನಿಜ. ಆದರೆ ಗಾಡಿಯ ಕೆಳಗಿರುವ ರಬ್ಬರು, ಸೀಲು, ಆಯಿಲಿಗೆ ಎಂಜಿನ್‌ನ ಆಯುಷ್ಯ ಇರುವುದಿಲ್ಲ.

ಧರ್ಮಸ್ಥಳಕ್ಕೆ ಹೊರಟವರು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಒಂದು ತಿರುವಿನಲ್ಲಿ ಡಾಂಬರು ಅಲೆಅಲೆಯಾಗಿ ಎದ್ದಿತ್ತು. ಅಪ್ಪ ಬ್ರೇಕ್ ಒತ್ತಿದರು. ಗಾಡಿಯ ಹಿಂಭಾಗ ಟಪಟಪ ಎಂದು ಕುಪ್ಪಳಿಸುತ್ತಾ ಒಂದು ಮೊಳದಷ್ಟು ಹೊರಕ್ಕೆ, ತಡೆಗೋಡೆಯ ಕಡೆಗೆ ಜರುಗಿತು. ವೇಗ ಕಡಿಮೆ ಇತ್ತು, ಏನೂ ಆಗಲಿಲ್ಲ. ಆದರೆ ಹಿಂದಿನ ಸೀಟಿನಲ್ಲಿದ್ದ ಅಜ್ಜಿ ಉಜಿರೆ ಬರುವವರೆಗೂ ಮಾತಾಡಲಿಲ್ಲ.

ಬ್ರೇಕ್ ಕೆಟ್ಟಿದೆ ಎಂದೇ ಎಲ್ಲರ ಅನುಮಾನ. ಊರಿಗೆ ಬಂದು ಗ್ಯಾರೇಜಿಗೆ ಒಯ್ದರೆ ಬ್ರೇಕ್ ಸರಿಯಾಗಿಯೇ ಇತ್ತು. ಮೆಕ್ಯಾನಿಕ್ ಹಿಂದಿನ ಬಂಪರ್ ಹತ್ತಿರ ನಿಂತು ಗಾಡಿಯನ್ನು ಎರಡು ಸಲ ಒತ್ತಿದರು. ಒಂದೇ ಕುಣಿತಕ್ಕೆ ನಿಂತಿತು. ‘ಶಾಕಬ್ಸರ್ ಒಳ್ಳೇದಿದೆ ಸಾರ್’ ಎಂದರು. ಫಾರ್ವರ್ಡ್ ಹೇಳುವುದೂ ಅದನ್ನೇ ತಾನೆ?

ಗಾಡಿಯ ಭಾರವನ್ನು ಹೊರುವುದು ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಅಲ್ಲ. ಗುಂಡಿಯ ಹೊಡೆತವನ್ನು ಮೊದಲು ನುಂಗುವುದೂ ಸ್ಪ್ರಿಂಗೇ. ಆದರೆ ಸ್ಪ್ರಿಂಗ್‌ಗೆ ಒಂದು ಕೆಟ್ಟ ಚಾಳಿ ಇದೆ, ನುಂಗಿದ್ದನ್ನೆಲ್ಲ ವಾಪಸ್ ಕೊಡುತ್ತದೆ. ಒಮ್ಮೆ ತಗ್ಗಿದರೆ ಮೇಲೆ ಹಾರುತ್ತದೆ, ಮತ್ತೆ ತಗ್ಗುತ್ತದೆ. ತೊಟ್ಟಿಲನ್ನು ಒಮ್ಮೆ ತೂಗಿ ಬಿಟ್ಟ ಹಾಗೆ. ಆ ತೂಗಾಟವನ್ನು ತಡೆದು ನಿಲ್ಲಿಸುವ ಕೈ ಶಾಕ್ ಅಬ್ಸಾರ್ಬರ್. ಹಾಗೆ ನೋಡಿದರೆ ಈ ಹೆಸರೇ ದಾರಿ ತಪ್ಪಿಸುವಂಥದ್ದು. ಬ್ರಿಟಿಷರು ಅದನ್ನು ಡ್ಯಾಂಪರ್ ಎನ್ನುತ್ತಾರೆ, ಅದೇ ಸರಿಯಾದ ಹೆಸರು.

ಒಳಗಿರುವುದು ಸರಳ. ಆಯಿಲ್ ತುಂಬಿದ ಕೊಳವೆ, ಅದರಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್, ಪಿಸ್ಟನ್‌ನಲ್ಲಿ ಸಣ್ಣ ರಂಧ್ರಗಳು ಮತ್ತು ವಾಲ್ವುಗಳು. ಚಕ್ರ ಕುಣಿದಾಗ ಆಯಿಲ್ ಆ ರಂಧ್ರಗಳಲ್ಲಿ ನುಗ್ಗಬೇಕಾಗುತ್ತದೆ. ಬಕೆಟ್ ನೀರಿನಲ್ಲಿ ಅಂಗೈ ಅಗಲಿಸಿ ಆಡಿಸಿ ನೋಡಿ. ನಿಧಾನವಾಗಿ ಆಡಿಸಿದರೆ ಸಲೀಸು, ಜೋರಾಗಿ ಆಡಿಸಿದರೆ ನೀರು ಎದುರು ನಿಲ್ಲುತ್ತದೆ. ಇಲ್ಲಿಯೂ ಹಾಗೆಯೇ, ಕುಣಿತ ಜೋರಾದಷ್ಟೂ ತಡೆ ಹೆಚ್ಚು. ಕುಣಿತದ ಶಕ್ತಿಯೆಲ್ಲ ಆಯಿಲ್‌ನಲ್ಲಿ ಶಾಖವಾಗಿ ಹೋಗುತ್ತದೆ. ಈ ಶಾಖದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗಾಡಿಯಲ್ಲಿ ಕುಣಿತ ಎರಡು ಬಗೆ. ಇಡೀ ಬಾಡಿ ತೊಟ್ಟಿಲಿನಂತೆ ತೂಗುವುದು ಒಂದು. ಅದು ನಿಧಾನ, ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಒಂದೂವರೆ ಸಲ. ಇನ್ನೊಂದು ಚಕ್ರದ ಕುಣಿತ. ಮೇಲೆ ಸ್ಪ್ರಿಂಗ್, ಕೆಳಗೆ ಗಾಳಿ ತುಂಬಿದ ಟೈರ್, ಇವೆರಡರ ನಡುವೆ ಸಿಕ್ಕಿಕೊಂಡ ಚಕ್ರ ಮತ್ತು ಆಕ್ಸಲ್ ಸೆಕೆಂಡಿಗೆ ಸುಮಾರು 10ರಿಂದ 15 ಸಲ ಪಟಪಟನೆ ಬಡಿದುಕೊಳ್ಳುತ್ತವೆ. ನೀವು ಕೈಯಿಂದ ಒತ್ತಿದಾಗ ಆಗುವುದು ಮೊದಲನೇ ಬಗೆಯ ಕುಣಿತ ಮಾತ್ರ. ಎರಡನೆಯದನ್ನು ಯಾವ ಪೈಲ್ವಾನನೂ ಕೈಯಿಂದ ಮಾಡಿಸಲಾರ. ಟೈರ್ ರಸ್ತೆಯನ್ನು ಬಿಡುವುದು ಆ ಎರಡನೇ ಕುಣಿತದಲ್ಲಿ.

ಕ್ವಾಲಿಸ್‌ನಂಥ ಗಾಡಿಯಲ್ಲಿ ಇನ್ನೂ ಒಂದು ಮೋಸ ಇದೆ. ಹಿಂದೆ ಇರುವುದು ಪ್ಲೇಟ್ ಮೇಲೆ ಪ್ಲೇಟ್ ಜೋಡಿಸಿದ ಲೀಫ್ ಸ್ಪ್ರಿಂಗ್. ವರ್ಷಗಟ್ಟಲೆ ಧೂಳು, ತುಕ್ಕು ಹಿಡಿದ ಆ ಪ್ಲೇಟುಗಳು ಒಂದಕ್ಕೊಂದು ಉಜ್ಜುವ ಘರ್ಷಣೆಯೇ ನಿಧಾನ ಕುಣಿತವನ್ನು ನಿಲ್ಲಿಸಿಬಿಡುತ್ತದೆ. ಅಂದರೆ ಶಾಕ್ ಅಬ್ಸಾರ್ಬರ್ ಪೂರ್ತಿ ಸತ್ತಿದ್ದರೂ ಗಾಡಿ ಒತ್ತಾಟದ ಪರೀಕ್ಷೆ ಪಾಸಾಗಬಹುದು. ನಮ್ಮದು ಪಾಸಾದದ್ದು ಹೀಗೆ. ಆದ್ದರಿಂದ ಒತ್ತಿ ಬಿಟ್ಟಾಗ ಗಾಡಿ ಮೂರು ನಾಲ್ಕು ಸಲ ತೂಗಿದರೆ ಶಾಕ್ ಅಬ್ಸಾರ್ಬರ್ ಹೋಗಿದೆ ಎಂದು ನಂಬಿ. ತೂಗದಿದ್ದರೆ ಚೆನ್ನಾಗಿದೆ ಎಂದು ನಂಬಬೇಡಿ.

ಹಾಗಾದರೆ ‘ಕುಲುಕಾಟ ಜಾಸ್ತಿ ಅಷ್ಟೆ’ ಎಂಬ ಮಾತು? ಗಾಡಿಯನ್ನು ನಿಲ್ಲಿಸುವುದು ಬ್ರೇಕ್ ಅಲ್ಲ, ಟೈರ್ ಮತ್ತು ರಸ್ತೆಯ ನಡುವಿನ ಹಿಡಿತ. ಬ್ರೇಕ್ ಚಕ್ರವನ್ನು ಮಾತ್ರ ನಿಲ್ಲಿಸುತ್ತದೆ. ಟೈರ್ ಗಾಳಿಯಲ್ಲಿರುವ ಕ್ಷಣದಲ್ಲಿ ಹಿಡಿತ ಸೊನ್ನೆ, ಆಗ ಬ್ರೇಕ್ ಒತ್ತಿದರೂ ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ಕೇಳುವುದಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 16 ಮೀಟರ್‌ಗಿಂತ ಹೆಚ್ಚು ಓಡುತ್ತದೆ. ರಸ್ತೆಯ ಅಲೆಗಳು ಒಂದೂವರೆ ಮೀಟರ್ ಅಂತರದಲ್ಲಿದ್ದರೆ ಚಕ್ರಕ್ಕೆ ಸೆಕೆಂಡಿಗೆ ಸುಮಾರು 11 ಏಟು ಬೀಳುತ್ತದೆ. ಅದು ಚಕ್ರದ ಸ್ವಂತ ತಾಳಕ್ಕೆ ಸರಿಯಾಗಿ ಹೊಂದುತ್ತದೆ. ವೇಗ ಕಡಿಮೆಯಿದ್ದು ಅಲೆಗಳು ಇನ್ನೂ ಹತ್ತಿರವಿದ್ದರೂ ಅದೇ ತಾಳ. ತಡೆಯುವ ಕೈ ಇಲ್ಲದಿದ್ದರೆ ಪ್ರತಿ ಅಲೆಗೂ ಕುಪ್ಪಳ ಹೆಚ್ಚುತ್ತಾ ಹೋಗುತ್ತದೆ. ಅದರಲ್ಲೂ ಹಿಂದೆ ಇಡೀ ಆಕ್ಸಲ್ ಒಂದೇ ತುಂಡಾಗಿರುವ ಗಾಡಿಗಳಲ್ಲಿ ಕುಣಿಯುವ ಭಾಗವೇ ಭಾರ, ಒಂದು ಚಕ್ರದ ಕುಣಿತ ಇನ್ನೊಂದಕ್ಕೂ ಹಬ್ಬುತ್ತದೆ. ಚಾರ್ಮಾಡಿಯ ತಿರುವಿನಲ್ಲಿ ನಡೆದದ್ದು ಇದು. ಎಬಿಎಸ್ ಇದ್ದರೂ ರಸ್ತೆ ಬಿಟ್ಟ ಟೈರಿಗೆ ಅದು ಹಿಡಿತ ತಂದುಕೊಡಲಾರದು.

ಮತ್ತೆ ಪತ್ತೆ ಹಚ್ಚುವುದು ಹೇಗೆ? ಮೊದಲು ಕಣ್ಣಿಂದ ನೋಡಿ. ಕೊಳವೆಯ ಮೇಲ್ಭಾಗದಲ್ಲಿ ತೆಳ್ಳಗೆ ಎಣ್ಣೆಯ ಪಸೆ ಇದ್ದು ಧೂಳು ಅಂಟಿದ್ದರೆ ಗಾಬರಿ ಬೇಡ, ಅದು ಸಹಜ. ಎಣ್ಣೆ ಇಳಿದು ಕೊಳವೆ ಒದ್ದೆಯಾಗಿದ್ದರೆ ಸೀಲ್ ಹೋಗಿದೆ. ಟೈರಿನ ಮೇಲೆ ಸುತ್ತಲೂ ಅಂಗೈ ಆಡಿಸಿ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದು ಸವೆದಿದ್ದರೆ ಚಕ್ರ ಕುಪ್ಪಳಿಸುತ್ತಿದೆ ಎಂಬ ಅನುಮಾನ ಬಲವಾಗುತ್ತದೆ. ಬ್ರೇಕ್ ಹಾಕಿದಾಗ ಮೂತಿ ನೆಲಕ್ಕೆ ಮುಗ್ಗರಿಸುವುದು, ಹಂಪ್ ದಾಟಿದ ಮೇಲೂ ದೋಣಿಯಂತೆ ತೇಲುವುದು ಇನ್ನಷ್ಟು ಸೂಚನೆ.

ನಮಗೆ ಸತ್ಯ ತಿಳಿದದ್ದು ಶಾಖದಿಂದ. ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಗಾಡಿಯನ್ನು ಹದಗೆಟ್ಟ ರಸ್ತೆಯಲ್ಲಿ 15 ನಿಮಿಷ ಓಡಿಸಿ ನಿಲ್ಲಿಸಿ, ನಾಲ್ಕೂ ಶಾಕ್ ಅಬ್ಸಾರ್ಬರ್ ಮುಟ್ಟಿ ನೋಡಲು ಹೇಳಿದರು. ಮುಂದಿನ ಎರಡೂ ಬೆಚ್ಚಗಿದ್ದವು. ಹಿಂದಿನ ಎರಡೂ ತಣ್ಣಗೆ, ಬೆಳಗಿನ ಕಬ್ಬಿಣದಂತೆ. ಕೆಲಸ ಮಾಡದ್ದು ಬಿಸಿಯಾಗುವುದೂ ಇಲ್ಲ! ಬಿಚ್ಚಿ ಕೈಯಿಂದ ಎಳೆದಾಗ ಕೊಡಪಾನದ ಹಗ್ಗ ಎಳೆದಷ್ಟು ಸಲೀಸಾಗಿ ಬಂತು. (ನೀವು ಮುಟ್ಟಿ ನೋಡುವುದಾದರೆ ಪಕ್ಕದ ಸೈಲೆನ್ಸರ್ ಪೈಪಿಗೆ ಕೈ ತಗುಲದಂತೆ ನೋಡಿಕೊಳ್ಳಿ.)

80,000 ಕಿ.ಮೀ. ಓಡಿದ ಮೇಲೆ ಬದಲಿಸಬೇಕು ಎಂಬ ಮಾತೂ ಚಾಲ್ತಿಯಲ್ಲಿದೆ. ಅದನ್ನು ಚೆನ್ನಾಗಿ ಪರೀಕ್ಷಿಸಬೇಕಾದ ಹಂತ ಎಂದುಕೊಳ್ಳಿ, ಔಷಧಿಯ ಎಕ್ಸ್‌ಪೈರಿ ದಿನಾಂಕದಂತೆ ನೋಡಬೇಡಿ.

ಇನ್ನು ಆಯಿಲ್ ತುಂಬಿಸುವ ವಿಷಯ. ಕಾರುಗಳಲ್ಲಿ ಸಾಮಾನ್ಯವಾಗಿ ಬರುವ ಶಾಕ್ ಅಬ್ಸಾರ್ಬರ್ ಬಿಚ್ಚಿ ರಿಪೇರಿ ಮಾಡಲು ತಯಾರಿಸಿದ್ದಲ್ಲ. ಕೊರೆದು ಅಥವಾ ಕತ್ತರಿಸಿ, ಹೊಸ ಆಯಿಲ್ ಹಾಕಿ, ವೆಲ್ಡ್ ಮಾಡಿ, ಬಣ್ಣ ಹೊಡೆದು ಕೊಡುತ್ತಾರೆ. ಆದರೆ ಆಯಿಲ್ ಸೋರಿದ್ದು ಯಾಕೆ? ಸೀಲ್ ಸವೆದದ್ದಕ್ಕೆ. ಸೀಲ್ ಸವೆದದ್ದು ಎಷ್ಟೋ ಸಲ ಹೊಳೆಯುವ ರಾಡಿನ ಮೇಲೆ ತುಕ್ಕಿನ ಚುಕ್ಕೆ ಬಿದ್ದದ್ದಕ್ಕೆ. ಅದೇ ರಾಡ್ ಹೊಸ ಸೀಲನ್ನೂ ಕೊರೆಯುತ್ತದೆ. ಸವೆದ ಪಿಸ್ಟನ್, ವಾಲ್ವು ಹಾಗೆಯೇ ಉಳಿಯುತ್ತವೆ. ಗಟ್ಟಿ ಆಯಿಲ್ ತುಂಬಿದರೆ ಕೆಲವು ದಿನ ಬಿಗಿಯಾದಂತೆ ಅನ್ನಿಸುತ್ತದೆ, ಅದು ಬಿಗಿ ಅಷ್ಟೇ, ಹದ ಅಲ್ಲ. ಗ್ಯಾಸ್ ಮಾದರಿಯದಾದರೆ ಒಳಗಿನ ನೈಟ್ರೋಜನ್ ಕೂಡ ಹೋಗಿರುತ್ತದೆ. ಆ ಗ್ಯಾಸ್ ಇರುವುದು ಗಾಡಿಯನ್ನು ಎತ್ತಿ ಹಿಡಿಯಲಿಕ್ಕಲ್ಲ, ವೇಗದ ಕುಣಿತದಲ್ಲಿ ಆಯಿಲ್ ನೊರೆಯಾಗದಿರಲಿ ಎಂದು. ನೊರೆಯಾದ ಆಯಿಲ್ ತಡೆ ಕೊಡುವುದಿಲ್ಲ.

ಕಾಯಿಲ್ ಸ್ಪ್ರಿಂಗ್ ನಡುವೆ ಸಿಕ್ಕಿಸುವ ರಬ್ಬರ್ ಬಫರ್, ಲೀಫ್‌ಗೆ ಹೆಚ್ಚುವರಿ ಪ್ಲೇಟ್ ಹಾಕಿಸುವುದು ಕೂಡ ಶಾಕ್ ಅಬ್ಸಾರ್ಬರ್‌ಗೆ ಬದಲಿಯಲ್ಲ. ಅವು ಸ್ಪ್ರಿಂಗನ್ನು ಗಡಸು ಮಾಡುತ್ತವೆ. ಗಡಸು ಸ್ಪ್ರಿಂಗ್ ಇನ್ನೂ ಜೋರಾಗಿ ವಾಪಸ್ ಒದೆಯುತ್ತದೆ, ಅದನ್ನು ಹಿಡಿಯಲು ಇನ್ನೂ ಗಟ್ಟಿ ಶಾಕ್ ಅಬ್ಸಾರ್ಬರ್ ಬೇಕು. ಹಾಗೆಯೇ ಉಲ್ಟಾ: ಗಾಡಿ ಹಿಂದೆ ಕೂತುಬಿಟ್ಟಿದೆ ಎಂದು ಶಾಕ್ ಅಬ್ಸಾರ್ಬರ್ ಬದಲಿಸಿದರೆ ಎತ್ತರ ಬರುವುದಿಲ್ಲ. ಅದು ಸ್ಪ್ರಿಂಗಿನ ಸಮಸ್ಯೆ.

ಬದಲಿಸುವುದಾದರೆ ಒಂದೇ ಆಕ್ಸಲ್‌ನ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದು ಬದಿ ಬಿಗಿ, ಇನ್ನೊಂದು ಬದಿ ಸಡಿಲ ಇದ್ದರೆ ಗಾಡಿ ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ವರ್ತಿಸುತ್ತದೆ. ಕ್ವಾಲಿಸ್‌ನಲ್ಲಿ ಮುಂದೆ ಟಾರ್ಷನ್ ಬಾರ್, ಹಿಂದೆ ಲೀಫ್. ಎರಡೂ ಕಡೆ ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ. ಹಾಗಾಗಿ ಕೆಲಸ ಸುಲಭ. ಆದರೂ ಗ್ಯಾರೇಜಿನಲ್ಲಿ ನಿಂತು ನೋಡಬೇಕಾದ ಕೆಲವು ಸಂಗತಿಗಳಿವೆ. ಗಾಡಿ ಬರೀ ಜಾಕ್ ಮೇಲೆ ನಿಂತಿರುವಾಗ ಯಾರೂ ಕೆಳಗೆ ಹೋಗಬಾರದು, ಸ್ಟ್ಯಾಂಡ್ ಇರಲೇಬೇಕು. ಹಿಂದಿನದನ್ನು ಬಿಚ್ಚುವ ಮೊದಲು ಆಕ್ಸಲ್‌ಗೆ ಆಸರೆ ಕೊಡಬೇಕು. ಇಲ್ಲದಿದ್ದರೆ ಆಕ್ಸಲ್ ಜೋತುಬಿದ್ದು ಬ್ರೇಕ್ ಹೋಸ್ ಎಳೆದುಕೊಳ್ಳಬಹುದು. ತುಕ್ಕು ಹಿಡಿದ ನಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರೆ ಅರ್ಧ ಜಗಳ ಕಡಿಮೆ. ಹೊಸದರ ಹೊಳೆಯುವ ರಾಡನ್ನು ಇಕ್ಕಳದಲ್ಲಿ ಹಿಡಿದು ನಟ್ ಬಿಗಿಮಾಡುವವರನ್ನು ಕಂಡರೆ ತಕ್ಷಣ ತಡೆಯಿರಿ. ಅಲ್ಲಿ ಬಿದ್ದ ಒಂದು ಗೀರು ಸಾಕು, ಸೀಲ್ ಬೇಗ ಹೋಗುತ್ತದೆ. ರಬ್ಬರ್ ಬುಷ್ ಇರುವ ಬೋಲ್ಟ್‌ಗಳ ಕೊನೆಯ ಬಿಗಿತ ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ನಂತರ ಆಗಬೇಕು. ನೇತಾಡುವಾಗಲೇ ಬಿಗಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅಂದಹಾಗೆ, ಹೊಸ ಶಾಕ್ ಅಬ್ಸಾರ್ಬರನ್ನು ಒತ್ತಿದಾಗ ತಾನಾಗಿ ಮೇಲೇಳಲಿಲ್ಲ ಎಂದು ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಗ್ಯಾಸ್ ಇಲ್ಲದ ಮಾದರಿ ಏಳುವುದಿಲ್ಲ.

ಎಷ್ಟೋ ಕಾರುಗಳಲ್ಲಿ, ಅದರಲ್ಲೂ ಸಣ್ಣ ಕಾರುಗಳ ಮುಂಭಾಗದಲ್ಲಿ, ಶಾಕ್ ಅಬ್ಸಾರ್ಬರ್ ಸುತ್ತಲೇ ಕಾಯಿಲ್ ಸ್ಪ್ರಿಂಗ್ ಇರುತ್ತದೆ. ಅಲ್ಲಿ ‘ಮನೆಯಲ್ಲೇ ಬದಲಿಸಿ’ ಎಂಬ ವಿಡಿಯೊ ನೋಡಿ ಮೇಲಿನ ನಟ್‌ಗೆ ಸ್ಪ್ಯಾನರ್ ಹಾಕಲೇಬೇಡಿ. ಒಳಗೆ ಸ್ಪ್ರಿಂಗ್ ಅದುಮಿಕೊಂಡು ಕೂತಿರುತ್ತದೆ. ಕಂಪ್ರೆಸರ್ ಕಟ್ಟದೆ ನಟ್ ಬಿಚ್ಚಿದರೆ ಸಿಡಿದು ಪ್ರಾಣ ತೆಗೆಯಬಹುದು. ಈ ಬಗೆಯ ಕಾರುಗಳಲ್ಲಿ ಬದಲಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಕೂಡ ಮಾಡಿಸಬೇಕು.

ಹಿಂದಿನ ಎರಡನ್ನು ಬದಲಿಸಿದ ಮೇಲೆ ನಮ್ಮ ಕ್ವಾಲಿಸ್ ಅದೇ ಘಾಟಿಯನ್ನು ಇಳಿಯಿತು. ತಿರುವಿನಲ್ಲಿ ಅಲೆಗಳು ಹಾಗೆಯೇ ಇದ್ದವು. ಅಪ್ಪ ಬ್ರೇಕ್ ಒತ್ತಿದಾಗ ಗಾಡಿ ಗಡಗಡ ಎಂದಿತು, ಆದರೆ ತನ್ನ ಸಾಲಿನಲ್ಲೇ ಉಳಿಯಿತು. ಬಿಚ್ಚಿದ ಹಳೆಯವನ್ನು ಮೆಕ್ಯಾನಿಕ್ ವಾಪಸ್ ಕೊಟ್ಟಿದ್ದರು. ಅಪ್ಪ ಅವುಗಳ ಕೊಳವೆ ಕತ್ತರಿಸಿ ಗೇಟಿಗೆ ಬಳಸುವ ಯೋಚನೆಯಲ್ಲಿದ್ದರು. ಒಳಗೆ ಗ್ಯಾಸ್ ಉಳಿದಿದ್ದರೆ ಕೊರೆಯುವುದು, ಬೆಂಕಿಗೆ ಹಿಡಿಯುವುದು ಅಪಾಯ ಎಂದು ಹೇಳಿ ಗುಜರಿಗೆ ಕಳಿಸಿದೆವು.