ಭಾನುವಾರದ ಆರಾಧನೆಯೂ ನೆರೆಹೊರೆಯ ಬಾಳೂ

ಬೆಂಗಳೂರಿನ ಮೇಖ್ರಿ ವೃತ್ತದಿಂದ ಹೆಬ್ಬಾಳದ ಕಡೆಗೆ ಹೋಗುವ ಬಳ್ಳಾರಿ ರಸ್ತೆಯ ಬಲಗಡೆಗೆ ಆರ್.ಟಿ. ನಗರವೆಂಬ ಬಡಾವಣೆಯಿದೆ. ಕವಿ ರವೀಂದ್ರನಾಥ ಟಾಗೋರರ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ಮಠದಹಳ್ಳಿ, ದಿಣ್ಣೂರು, ಸುಲ್ತಾನ್‌ಪಾಳ್ಯ, ಕಾವಲ್ ಬೈರಸಂದ್ರ ಎಂಬ ಹಳೆಯ ಹಳ್ಳಿಗಳ ಹೆಸರುಗಳು ಇದರ ಸುತ್ತುಮುತ್ತ ಇನ್ನೂ ಬಳಕೆಯಲ್ಲಿವೆ. ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಪಕ್ಕಪಕ್ಕದ ಮನೆಗಳಲ್ಲಿ ಬಾಳುವ ಈ ಭಾಗದಲ್ಲಿ, ಭಾನುವಾರದ ಬೆಳಗ್ಗೆ ಸತ್ಯವೇದವನ್ನೂ ಸಂಗೀತದ ಪುಸ್ತಕವನ್ನೂ ಕೈಯಲ್ಲಿ ಹಿಡಿದು ಮಕ್ಕಳೊಡನೆ ಹೊರಡುವ ಕುಟುಂಬಗಳನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಅವರು ಎಲ್ಲಿಗೆ ಹೋಗುತ್ತಾರೆ, ಅಲ್ಲಿ ಏನು ನಡೆಯುತ್ತದೆ, ಅದರಿಂದ ಉಳಿದ ಆರು ದಿನಗಳ ಬಾಳಿಗೆ ಏನು ಒದಗುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಆಂಗ್ಲಿಕನ್ ಸಭೆಯಲ್ಲಿ ‘ಪ್ಯಾರಿಷ್’ ಎಂಬುದೊಂದು ಹಳೆಯ ಏರ್ಪಾಡು. ಇಂಗ್ಲೆಂಡಿನಲ್ಲಿ ಊರುಗಳನ್ನು ಎಲ್ಲೆ ಹಾಕಿ ವಿಂಗಡಿಸಿ, ಒಂದೊಂದು ಎಲ್ಲೆಯೊಳಗೆ ವಾಸಿಸುವವರೆಲ್ಲರ ಆತ್ಮಹಿತವನ್ನು ಒಬ್ಬ ಗುರುವಿಗೆ ಒಪ್ಪಿಸಿದರು. ದೇವಾಲಯಕ್ಕೆ ತಪ್ಪದೆ ಬರುವವನು, ಎಂದೋ ಒಮ್ಮೆ ಬರುವವನು, ಎಂದಿಗೂ ಬಾರದವನು, ಎಲ್ಲರೂ ಆ ಗುರುವಿನ ಪಾಲಿಗೆ ಸೇರಿದವರೇ. ರೋಗಿಯಿದ್ದಲ್ಲಿಗೆ ಹೋಗುವುದು, ಸತ್ತವರನ್ನು ಮಣ್ಣುಮಾಡುವುದು, ದಿಕ್ಕಿಲ್ಲದವರನ್ನು ವಿಚಾರಿಸುವುದು ಅವನ ಕರ್ತವ್ಯ. ಈ ಏರ್ಪಾಡಿನ ತಿರುಳು ನೆರೆಹೊರೆ. ಮನುಷ್ಯನು ತನ್ನ ನೆರೆಯವನನ್ನು ತಾನೇ ಆರಿಸಿಕೊಳ್ಳಲಾರ. ಅದೇ ಪ್ರಕಾರ ಪ್ಯಾರಿಷ್‌ನಲ್ಲಿ ತನ್ನ ಜೊತೆಗೆ ಮೊಣಕಾಲೂರುವವನನ್ನೂ ತಾನೇ ಆರಿಸಿಕೊಳ್ಳಲಾರ.

ನಮ್ಮ ಬೆಂಗಳೂರಿನಲ್ಲಿ ಈ ಏರ್ಪಾಡು ಮೊದಲಿನಿಂದಲೂ ಹಾಗೆ ನೆಲೆಗೊಳ್ಳಲಿಲ್ಲ. ಅದಕ್ಕೆ ಕಾರಣ ಊರಿನ ಚರಿತ್ರೆಯಲ್ಲೇ ಇದೆ. 1809ರಲ್ಲಿ ಇಂಗ್ಲಿಷರ ದಂಡು ಇಲ್ಲಿ ನೆಲೆಯೂರಿತು. ಅದರ ಹಿಂದಿನ ವರ್ಷವೇ ಅಸ್ತಿಭಾರ ಬಿದ್ದಿದ್ದ ಸೇಂಟ್ ಮಾರ್ಕ್ಸ್ ದೇವಾಲಯವು 1812ರಲ್ಲಿ ಮುಗಿದು 1816ರಲ್ಲಿ ಕಲ್ಕತ್ತೆಯ ಬಿಷಪ್ಪರಿಂದ ಪ್ರತಿಷ್ಠೆಗೊಂಡಿತು. ಅದು ಮುಖ್ಯವಾಗಿ ಸೈನಿಕರಿಗೂ ಅಧಿಕಾರಿಗಳಿಗೂ ಏರ್ಪಟ್ಟ ಆಲಯ. ದಂಡಿನ ಬೆನ್ನಿಗೆ ಬಂದ ತಮಿಳರಲ್ಲಿ ಆಂಗ್ಲಿಕನ್ ಸಭೆಯು ತಮಿಳಿನಲ್ಲಿ ಬೆಳೆಯಿತು. ಪೇಟೆಯ ಕಡೆ ಕನ್ನಡಿಗರ ನಡುವೆ ಕೆಲಸಮಾಡಿದವರು ವೆಸ್ಲಿಯನ್ ಮಿಷನ್ನಿನವರು ಮತ್ತು ಲಂಡನ್ ಮಿಷನ್ನಿನವರು. ಹಡ್ಸನ್ ಸ್ಮಾರಕ ದೇವಾಲಯ ವೆಸ್ಲಿಯನ್ನರದು; ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ ಲಂಡನ್ ಮಿಷನ್ನಿನದು. ಹೀಗೆ ಒಬ್ಬ ಕ್ರೈಸ್ತನು ಯಾವ ದೇವಾಲಯಕ್ಕೆ ಸೇರಿದವನೆಂಬುದು ಅವನು ವಾಸಿಸುವ ಬೀದಿಯಿಂದ ನಿರ್ಣಯವಾಗದೆ, ಅವನ ತಾಯಿನುಡಿಯಿಂದಲೂ ಅವನ ಅಜ್ಜನಿಗೆ ದೀಕ್ಷಾಸ್ನಾನ ಕೊಟ್ಟ ಮಿಷನ್ನಿನಿಂದಲೂ ನಿರ್ಣಯವಾಗುತ್ತ ಬಂದಿತು. ದಂಡಿಗೂ ಪೇಟೆಗೂ ಬೇರೆಬೇರೆ ಆಡಳಿತವಿದ್ದು, ಅವೆರಡೂ ಒಂದೇ ಕಾರ್ಪೊರೇಷನ್ನಿನ ಕೆಳಗೆ ಬಂದದ್ದು 1949ರಲ್ಲಿ.

ಅಷ್ಟರೊಳಗೆ ಸಭೆಗಳೇ ಒಂದಾಗಿದ್ದವು. 1919ರ ಮೇ ತಿಂಗಳಿನಲ್ಲಿ ತಮಿಳುನಾಡಿನ ಕಡಲತೀರದ ತರಂಗಂಬಾಡಿಯಲ್ಲಿ 33 ಮಂದಿ ಕೂಡಿ ಐಕ್ಯಕ್ಕಾಗಿ ಒಂದು ಹೇಳಿಕೆಯನ್ನು ಹೊರಡಿಸಿದರು. ಅವರಲ್ಲಿ ಇಬ್ಬರು ಹೊರತು ಉಳಿದವರೆಲ್ಲರೂ ಭಾರತೀಯರೇ. ಅವರ ಮುಂದಾಳುಗಳಲ್ಲೊಬ್ಬರು, 1912ರಲ್ಲಿ ಆಂಗ್ಲಿಕನ್ ಸಭೆಯ ಪ್ರಥಮ ಭಾರತೀಯ ಬಿಷಪ್ಪರಾದ ದೋರ್ನಕಲ್ಲಿನ ಅಜರಯ್ಯನವರು. ಅಂದಿನಿಂದ 28 ವರ್ಷಗಳ ಕಾಲ ಮಾತುಕತೆಗಳು ನಡೆದವು. ಬಿಷಪ್ಪರು ಬೇಕೆ ಬೇಡವೆ, ಬಿಷಪ್ಪರ ಕೈಯಿಂದ ದೀಕ್ಷೆ ಹೊಂದದ ಬೋಧಕರು ಕರ್ತನ ಭೋಜನವನ್ನು ನಡೆಸಬಹುದೆ ಎಂಬ ಪ್ರಶ್ನೆಗಳ ಮೇಲೆ ಎಷ್ಟೋ ಸಲ ಕಾರ್ಯ ಮುರಿದುಬೀಳುವಂತೆ ಕಂಡಿತು. ಅಜರಯ್ಯನವರು 1945ರ ಜನವರಿ 1ರಂದು ತೀರಿಕೊಂಡರು. ಫಲವನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. 1947ರ ಸೆಪ್ಟೆಂಬರ್ 27ರಂದು, ದೇಶವು ಸ್ವತಂತ್ರವಾದ ಏಳನೆಯ ವಾರದಲ್ಲಿ, ಮದರಾಸಿನ ಸೇಂಟ್ ಜಾರ್ಜ್ ಕಥೀಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥೊಡಿಸ್ಟರು, ಮತ್ತು ಪ್ರೆಸ್ಬಿಟೇರಿಯನ್ ಹಾಗೂ ಕಾಂಗ್ರಿಗೇಷನಲ್ ಪಂಗಡಗಳಿಂದ ಮೊದಲೇ ಕೂಡಿದ್ದ ಸಭೆಯವರು ಸೇರಿ ದಕ್ಷಿಣ ಭಾರತ ಸಭೆಯನ್ನು ಸ್ಥಾಪಿಸಿದರು. ಮೈಸೂರು ಸಭಾಪ್ರಾಂತಕ್ಕೆ ಗುರುಶಾಂತರು ಪ್ರಥಮ ಬಿಷಪ್ಪರಾದರು. 1970ರಲ್ಲಿ ಆ ಪ್ರಾಂತವನ್ನು ವಿಂಗಡಿಸಿದಾಗ ಬೆಂಗಳೂರು ಕರ್ನಾಟಕ ಸೆಂಟ್ರಲ್ ಡಯಾಸಿಸ್‌ಗೆ ಸೇರಿತು. ಸೇಂಟ್ ಮಾರ್ಕ್ಸ್ ಅದರ ಕಥೀಡ್ರಲ್. ಆದಕಾರಣ ನಮ್ಮ ಕಡೆ ಆಂಗ್ಲಿಕನ್ ಸಭೆಯೆಂಬ ಬೇರೆ ಸಭೆ ಈಗ ಇಲ್ಲ. ಅದರ ಸಂಪ್ರದಾಯವು ಸಿ.ಎಸ್.ಐ. ಎಂದು ಜನ ಕರೆಯುವ ಈ ಕೂಡು ಸಭೆಯೊಳಗೆ ಹರಿದುಬಂದಿದೆ. ಲೋಕದ ಆಂಗ್ಲಿಕನ್ ಬಳಗದಲ್ಲಿ ಈ ಸಭೆಗೂ ಸ್ಥಾನವಿದೆ.

ಆದರೆ ಬಿಷಪ್ಪರು ಕೂಡಿದ ಮಾತ್ರಕ್ಕೆ ಜನ ಕೂಡಿದಂತಾಗುವುದಿಲ್ಲ. ಕಾಗದದ ಮೇಲಿನ ಐಕ್ಯವು ಬಾಳಿನ ಐಕ್ಯವಾಗಬೇಕಾದರೆ ಅದು ವಾರಕ್ಕೊಮ್ಮೆ ಒಂದು ಕೋಣೆಯಲ್ಲಿ, ಒಂದು ಮೇಜಿನ ಸುತ್ತ, ನಡೆದು ತೋರಬೇಕು. ಇದನ್ನು ಅರಿತ ಹಿರಿಯರು ಹೊಸ ಆರಾಧನಾ ಕ್ರಮವೊಂದನ್ನು ರಚಿಸಿ 1950ರಲ್ಲಿ ಬಳಕೆಗೆ ತಂದರು. ಹಲವು ಸಭೆಗಳ ಪ್ರಾರ್ಥನಾ ಸಂಪ್ರದಾಯಗಳಿಂದ ಒಳ್ಳೆಯದನ್ನು ಆಯ್ದುಕೊಂಡ ಈ ಕ್ರಮವನ್ನು ಪರದೇಶದ ಸಭೆಗಳೂ ಮೆಚ್ಚಿ ಅಧ್ಯಯನಮಾಡಿದುವು.

ಆ ಕ್ರಮವು ಮೂರು ಮೆಟ್ಟಿಲುಗಳಲ್ಲಿ ಸಾಗುತ್ತದೆ. ಮೊದಲನೆಯದು ಸಿದ್ಧತೆ: ಸತ್ಯವೇದವನ್ನು ಒಳಕ್ಕೆ ತರುತ್ತಾರೆ, ಸಭೆಯೆಲ್ಲ ಎದ್ದು ನಿಲ್ಲುತ್ತದೆ, ಅನಂತರ ಎಲ್ಲರೂ ಮೊಣಕಾಲೂರಿ ತಪ್ಪನ್ನು ಒಪ್ಪಿಕೊಂಡು ಕ್ಷಮೆ ಬೇಡುತ್ತಾರೆ. ಎರಡನೆಯದು ವಾಕ್ಯ: ಹಳೆಯ ಒಡಂಬಡಿಕೆ, ಅಪೊಸ್ತಲರ ಪತ್ರಿಕೆ, ಸುವಾರ್ತೆ ಈ ಮೂರರಿಂದಲೂ ಪಾಠಗಳನ್ನು ಓದುತ್ತಾರೆ, ಬಹುತೇಕ ಓದುವವರು ಸಭಿಕರೇ, ಶಾಲೆಯ ಹುಡುಗಿಯೂ ಆಗಬಹುದು, ವಿಶ್ರಾಂತ ಗುಮಾಸ್ತರೂ ಆಗಬಹುದು. ಬಳಿಕ ಪ್ರಸಂಗ, ವಿಶ್ವಾಸಪ್ರಮಾಣ, ನಾಡಿಗಾಗಿಯೂ ರೋಗಿಗಳಿಗಾಗಿಯೂ ಪ್ರಾರ್ಥನೆ. ಮೂರನೆಯದು ರೊಟ್ಟಿ ಮುರಿಯುವುದು. ರೊಟ್ಟಿ, ದ್ರಾಕ್ಷಾರಸ, ಹಣದ ಕಾಣಿಕೆ ಇವುಗಳನ್ನು ಸಭಿಕರೇ ಮುಂದಕ್ಕೆ ತಂದೊಪ್ಪಿಸುತ್ತಾರೆ. ಗುರುವು ಜನಕ್ಕೆ ಬೆನ್ನುಮಾಡದೆ, ಮೇಜಿನ ಹಿಂದೆ ನಿಂತು ಅವರ ಮುಖ ನೋಡುತ್ತ ಪ್ರಾರ್ಥಿಸುವುದು ಈ ಕ್ರಮದ ವಿಶೇಷ. ಪಂಕ್ತಿಯ ಹಿರಿಯನು ಬಳಗದ ಮುಂದೆ ಕುಳಿತಂತೆ ಇದು ನಮ್ಮವರ ಮನಸ್ಸಿಗೆ ಸಹಜವಾಗಿ ತೋರುತ್ತದೆ.

ಕಾಣಿಕೆಗೆ ಮುಂಚೆ ನಡೆಯುವ ‘ಸಮಾಧಾನ’ವನ್ನು ಬೇರೆಯಾಗಿ ಹೇಳಬೇಕು. ಕೇರಳದ ಸುರಿಯಾನಿ ಕ್ರೈಸ್ತರ ಪೂರ್ವದ ಪದ್ಧತಿಯಿಂದ ಬಂದದ್ದು ಇದು. ಕೊಡುವವನು ತನ್ನ ಬಲ ಅಂಗೈಯನ್ನು ಪಡೆಯುವವನ ಬಲ ಅಂಗೈಗೆ ಸೇರಿಸುತ್ತಾನೆ. ಇಬ್ಬರೂ ಎಡಗೈಯನ್ನು ಮತ್ತೊಬ್ಬರ ಬಲಗೈಯ ಮೇಲೆ ಮುಚ್ಚುತ್ತಾರೆ. ಹೀಗೆ ಗುರುವಿನಿಂದ ಹೊರಟ ಸಮಾಧಾನ ಸಾಲುಸಾಲಾಗಿ ಕೊನೆಯ ಬೆಂಚಿನವರೆಗೂ ಹೋಗುತ್ತದೆ. ಮನಸ್ತಾಪವಿರುವವರು ಪಕ್ಕದಲ್ಲೇ ಕುಳಿತಿದ್ದರೆ ಈ ಗಳಿಗೆ ಸುಲಭದ್ದಲ್ಲ. ನಿವೇಶನದ ಗೋಡೆಗಾಗಿ ವ್ಯಾಜ್ಯ ಹೂಡಿದ ಅಣ್ಣತಮ್ಮಂದಿರು, ಸಭೆಯ ಕಮಿಟಿಯ ಚುನಾವಣೆಯಲ್ಲಿ ಎದುರಾದವರು, ಮಾತುಬಿಟ್ಟ ಓರಗಿತ್ತಿಯರು, ಇವರೆಲ್ಲರಿಗೂ ಕೈಯನ್ನು ಚಾಚಬೇಕೆ ಹಿಂದೆಗೆಯಬೇಕೆ ಎಂಬ ಪ್ರಶ್ನೆ ವಾರವಾರವೂ ಎದುರು ನಿಲ್ಲುತ್ತದೆ.

ಇದಕ್ಕಿಂತಲೂ ಕಠಿನವಾದ ಪರೀಕ್ಷೆ ಪಾನಪಾತ್ರೆಯದು. ಒಂದೇ ಬಟ್ಟಲಿಗೆ ಎಲ್ಲರೂ ತುಟಿಯೊಡ್ಡುವುದೆಂದರೆ ಎಂಜಲಿನ ಭಾವನೆಯನ್ನೂ ಜಾತಿಯ ಭಾವನೆಯನ್ನೂ ಒಟ್ಟಿಗೇ ಬಿಟ್ಟುಕೊಡಬೇಕು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ನರು ದಕ್ಷಿಣದ ಸಭೆಗಳಿಗೆ ಪತ್ರ ಬರೆದು, ಜಾತಿಭೇದವನ್ನು ಸಭೆಯೊಳಗೆ ಇನ್ನು ಇಟ್ಟುಕೊಳ್ಳಕೂಡದೆಂದು ಆಜ್ಞಾಪಿಸಿದಾಗ, ತಂಜಾವೂರಿನ ಕಡೆ ಅನೇಕ ಕುಟುಂಬಗಳು ಒಂದೇ ಪಾತ್ರೆಯಿಂದ ಕುಡಿಯಲೊಲ್ಲದೆ ಸಭೆಯನ್ನೇ ತೊರೆದುವು. ಆ ಭಾವನೆ ನಮ್ಮ ಕಾಲದಲ್ಲಿ ಪೂರ್ತಿಯಾಗಿ ಅಳಿಯಿತೆಂದು ಹೇಳುವವರು ಮದುವೆಯ ಸಂಬಂಧ ಹುಡುಕುವ ಮನೆಗಳ ಮಾತನ್ನು ಕೇಳಿಲ್ಲವೆಂದೇ ನಾವು ಭಾವಿಸುತ್ತೇವೆ. ಭಾನುವಾರ ಕಲಿತ ಪಾಠ ಸೋಮವಾರದ ಸಂಬಂಧಗಳಿಗೆ ಇಳಿದಾಗಲೇ ಆ ಬಟ್ಟಲಿನ ಅರ್ಥ ತುಂಬುವುದು.

ಇನ್ನು ವಾರದ ಬಾಳು. ಭಾನುವಾರದ ಪಾಠಶಾಲೆಯಲ್ಲಿ ಮಕ್ಕಳಿಗೆ ಕಥೆ ಕಲಿಸುವವರು ಕಛೇರಿಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ದುಡಿಯುವ ತರುಣ ತರುಣಿಯರು, ಅವರಿಗೆ ಸಂಬಳವಿಲ್ಲ. ಸ್ತ್ರೀಯರ ಸಂಘವು ಕೂಡಿ ಓದುತ್ತದೆ, ಹೆರಿಗೆಯ ಮನೆಗೂ ರೋಗಿಯ ಮನೆಗೂ ಹೋಗಿಬರುತ್ತದೆ. ವಾರದ ನಡುವೆ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆಯ ಕೂಟ. ಪ್ರಾರ್ಥನೆ ಮುಗಿದ ಮೇಲಿನ ಕಾಫಿಯ ಹೊತ್ತಿನಲ್ಲಿಯೇ ಯಾರ ಮಗನಿಗೆ ಕೆಲಸವಿಲ್ಲ, ಯಾರ ಮನೆಯಲ್ಲಿ ಶಾಲೆಯ ಶುಲ್ಕಕ್ಕೆ ಕಷ್ಟ ಎಂಬುದು ತಿಳಿದುಬರುವುದು. ಮದುವೆ ನಿಶ್ಚಯವಾದರೆ ಮೂರು ಭಾನುವಾರ ಸಭೆಯ ಮುಂದೆ ಪ್ರಕಟಣೆಯನ್ನು ಓದುತ್ತಾರೆ, ಅಡ್ಡಿಯುಳ್ಳವರು ಹೇಳಬಹುದು. ದೀಕ್ಷಾಸ್ನಾನ, ಮದುವೆ, ಮಣ್ಣು, ಈ ಮೂರನ್ನೂ ದಾಖಲೆಯ ಪುಸ್ತಕಗಳಲ್ಲಿ ಬರೆದಿಡುತ್ತಾರೆ. ಜನನದ ನೋಂದಣಿ ಎಲ್ಲೆಡೆಯೂ ಸರಿಯಾಗಿ ನಡೆಯದಿದ್ದ ಕಾಲದಲ್ಲಿ ಆ ಪುಸ್ತಕದ ಒಂದು ಸಾಲೇ ಎಷ್ಟೋ ಮಂದಿಗೆ ವಯಸ್ಸಿನ ಸಾಕ್ಷಿಯಾಗಿತ್ತು.

ಸಭೆಯ ನಿಜವಾದ ಬೆಲೆ ತಿಳಿಯುವುದು ಸಾವಿನ ದಿನ. ಗೋರಿಗೆ ಸ್ಥಳ ಗೊತ್ತುಮಾಡುವುದು, ಪೆಟ್ಟಿಗೆ ತರಿಸುವುದು, ದೂರದ ಬಂಧುಗಳಿಗೆ ತಿಳಿಸುವುದು, ಆ ಮನೆಯಲ್ಲಿ ಒಲೆ ಹಚ್ಚದ ದಿನ ಊಟ ಕಳುಹಿಸುವುದು, ಇಷ್ಟನ್ನೂ ಹೇಳಿಸಿಕೊಳ್ಳದೆ ಮಾಡುವ ಹತ್ತು ಮಂದಿ ಇದ್ದರೆ ಅದೇ ಪ್ಯಾರಿಷ್. ನಗರದ ಸ್ಮಶಾನಗಳಲ್ಲಿ ಸ್ಥಳ ಸಾಲದೆ ಹಿರಿಯರ ಗೋರಿಯನ್ನೇ ತೆರೆದು ಕಿರಿಯರನ್ನು ಇಡುವ ಈ ಕಾಲದಲ್ಲಿ ಅಂತಹ ಕೈಗಳ ಅಗತ್ಯ ಇನ್ನೂ ಹೆಚ್ಚು.

ಸಂತೋಷದ ದಿನಗಳೂ ಇಲ್ಲದಿಲ್ಲ. ಸುಗ್ಗಿ ಹಬ್ಬ ಹಳ್ಳಿಯ ಸಭೆಗಳಲ್ಲಿ ಹೊಲದ ಪ್ರಥಮಫಲವನ್ನು ಅರ್ಪಿಸುವ ಹಬ್ಬ. ಹೊಲವಿಲ್ಲದ ಬಡಾವಣೆಯವರು ಅಂಗಳದ ತೆಂಗಿನಕಾಯಿ, ಬಾಳೆಯ ಗೊನೆ, ಮನೆಯ ಉಪ್ಪಿನಕಾಯಿ, ಕೇಕು ಇವುಗಳನ್ನು ತರುತ್ತಾರೆ. ಆರಾಧನೆಯ ತರುವಾಯ ಹರಾಜು. ಒಂದು ಹಲಸಿನ ಹಣ್ಣಿಗೆ ಪೇಟೆಯ ಬೆಲೆಯ ಹತ್ತರಷ್ಟು ಕೂಗಿ, ಕೊಂಡವರೇ ಮತ್ತೆ ಸಭೆಗೆ ಕೊಟ್ಟು, ಅದೇ ಹಣ್ಣು ಮೂರು ಸಲ ಮಾರಾಟವಾಗುವುದೂ ಉಂಟು. ಡಿಸೆಂಬರಿನ ರಾತ್ರಿಗಳಲ್ಲಿ ತರುಣರು ಮನೆಯಿಂದ ಮನೆಗೆ ಹಾಡುತ್ತ ಹೋದಾಗ ಕ್ರೈಸ್ತರಲ್ಲದ ನೆರೆಯವರೂ ಬಾಗಿಲು ತೆರೆದು ಕೇಳುತ್ತಾರೆ. ಹಬ್ಬದ ದಿನ ಕರ್ಜಿಕಾಯಿ, ಚಕ್ಕುಲಿ, ಕೇಕುಗಳ ತಟ್ಟೆ ಅವರ ಮನೆಗೆ ಹೋಗುತ್ತದೆ. ದೀಪಾವಳಿಗೂ ರಂಜಾನಿಗೂ ಆ ತಟ್ಟೆ ಬರಿದಾಗಿ ಹಿಂದಿರುಗುವುದಿಲ್ಲ.

ಇಷ್ಟೆಲ್ಲ ಇದ್ದರೂ ಒಂದು ಕೊರಗು ಬೆಳೆಯುತ್ತಿದೆ. ಅದನ್ನು ಮರೆಮಾಡುವುದು ಹಿತವಲ್ಲ. ಆರ್.ಟಿ. ನಗರದಂತಹ ಬಡಾವಣೆಯಲ್ಲಿ ಪೇಟೆಯ ಕನ್ನಡ ಮೆಥೊಡಿಸ್ಟರ ಮೊಮ್ಮಕ್ಕಳು, ದಂಡಿನ ತಮಿಳು ಆಂಗ್ಲಿಕನ್ನರ ಮೊಮ್ಮಕ್ಕಳು, ಕೇರಳದಿಂದಲೂ ಆಂಧ್ರದಿಂದಲೂ ಕೆಲಸಕ್ಕಾಗಿ ಬಂದವರು ಒಂದೇ ಬೀದಿಯಲ್ಲಿದ್ದಾರೆ. ಭಾನುವಾರ ಬಂತೆಂದರೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ, ತಮ್ಮ ನುಡಿಯ ದೇವಾಲಯವನ್ನು ಅರಸಿ ಹೊರಡುತ್ತಾರೆ. ಇನ್ನೂ ಹೆಚ್ಚಿನ ಮಾತೆಂದರೆ ಒಂದೇ ಮನೆಯವರೂ ಒಡೆಯುತ್ತಾರೆ. ಅಜ್ಜಿಗೆ ಕನ್ನಡದ ಆರಾಧನೆ ಬೇಕು. ಇಂಗ್ಲಿಷ್ ಶಾಲೆಯಲ್ಲಿ ಕಲಿತ ಮೊಮ್ಮಗನಿಗೆ ಕನ್ನಡ ಸತ್ಯವೇದ ಓದಲು ಬಾರದು. 1831ರಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ವರ್ಷಗಳ ಕಾಲ ಶ್ರಮಿಸಿ ಪೂರ್ತಿಮಾಡಿದ ಕನ್ನಡ ಸತ್ಯವೇದವು, ಅನಂತರ ಎಷ್ಟೋ ಸಲ ತಿದ್ದುಪಡಿಯಾಗಿ ಮನೆಮನೆಗೂ ಬಂದದ್ದು, ಈಗ ಕಪಾಟಿನಲ್ಲಿ ಉಳಿಯುವಂತಾಗಿದೆ. 2020ರಲ್ಲಿ ಸಾಂಕ್ರಾಮಿಕದ ನಿಮಿತ್ತ ದೇವಾಲಯಗಳ ಬಾಗಿಲು ಮುಚ್ಚಿ ಆರಾಧನೆ ಫೋನಿನ ಪರದೆಗೆ ಬಂದಾಗ, ಕೆಲವರು ಆ ಅಭ್ಯಾಸವನ್ನು ಬಿಡಲೇ ಇಲ್ಲ. ಪರದೆಯಲ್ಲಿ ಪ್ರಸಂಗ ಕೇಳಬಹುದು. ನೆರೆಯವನ ಕೈ ಸಿಕ್ಕುವುದಿಲ್ಲ.

ತಾಯಿನುಡಿಯಲ್ಲಿ ಪ್ರಾರ್ಥಿಸುವುದು ತಪ್ಪೆಂದು ನಾವು ಹೇಳುವುದಿಲ್ಲ. ಹೃದಯದ ನುಡಿ ಅದು; ಅದನ್ನು ಕಿತ್ತುಕೊಂಡರೆ ಭಕ್ತಿ ಬಡವಾಗುತ್ತದೆ. ಆದರೆ ನುಡಿಯು ಮನೆಯ ಬಾಗಿಲಾಗಬೇಕೇ ಹೊರತು ಗೋಡೆಯಾಗಬಾರದು. ಗೃಹಸ್ಥರು ಮಾಡಬಹುದಾದ ಕೆಲಸಗಳು ಕೆಲವಿವೆ. ತಿಂಗಳಿಗೊಂದು ಭಾನುವಾರವಾದರೂ ಅಜ್ಜಿ, ತಂದೆತಾಯಿ, ಮಕ್ಕಳು ಒಂದೇ ಬೆಂಚಿನಲ್ಲಿ ಕೂಡಲಿ. ರಾತ್ರಿಯ ಊಟಕ್ಕೆ ಮುಂಚೆ ಒಂದು ಅಧ್ಯಾಯವನ್ನು ಕನ್ನಡದಲ್ಲಿ ಮಕ್ಕಳಿಂದಲೇ ಓದಿಸಲಿ. ತಿಂಗಳುಗಳು ಕಳೆದಂತೆ ನಾಲಗೆ ತಾನೇ ತಿರುಗುತ್ತದೆ. ಬೀದಿಯ ಪ್ರಾರ್ಥನಾಕೂಟಕ್ಕೆ ಬೇರೆ ನುಡಿಯ ಸಭೆಗೆ ಹೋಗುವ ನೆರೆಯವರನ್ನೂ ಕರೆಯಲಿ. ಹಾಡು ಎರಡು ನುಡಿಗಳಲ್ಲಿ ಕೇಳಿಬಂದರೆ ದೇವರಿಗೆ ಅರ್ಥವಾಗದೆ ಹೋಗುವುದಿಲ್ಲ.

28 ವರ್ಷಗಳ ತಾಳ್ಮೆಯಿಂದ ಹಿರಿಯರು ಕಟ್ಟಿದ ಐಕ್ಯವನ್ನು ಉಳಿಸುವ ಭಾರ ಈಗ ಇಂತಹ ಬೀದಿಗಳ ಮೇಲೆ ಬಿದ್ದಿದೆ. ಕ್ರೈಸ್ತರಿಗೆ ಮಾತ್ರ ಈ ಮಾತು ಸಲ್ಲತಕ್ಕದ್ದೆಂದು ಉಳಿದ ವಾಚಕರು ತಿಳಿಯಬಾರದು. ಭಜನೆಯ ಮಂದಿರವಾಗಲಿ, ಮಸೀದಿಯ ಜಮಾತಾಗಲಿ, ಬಡಾವಣೆಯ ಸಂಘವಾಗಲಿ, ವಾರಕ್ಕೊಮ್ಮೆ ಕೂಡಿ ಒಬ್ಬರನ್ನೊಬ್ಬರು ಹೆಸರು ಹಿಡಿದು ವಿಚಾರಿಸುವ ಜನರಿರುವ ಕಡೆ ಮುದುಕರು ಒಂಟಿಯಾಗುವುದಿಲ್ಲ, ರೋಗಿಗಳು ಮರೆತುಹೋಗುವುದಿಲ್ಲ. ಆ ವಿಚಾರಣೆಯನ್ನು ನಡೆಸಿಕೊಂಡು ಬರುವುದು ಪ್ರತಿಯೊಂದು ಮನೆಯ ಕೆಲಸ.